ಟ್ರಿಗರ್ ಬದಲಿಸುವುದು ಅರ್ಧ ಗಂಟೆಯ ಕೆಲಸ, ಕಾಟ ಕೊಡುವುದು ಸುತ್ತಲಿನದು

ಅಮೆರಿಕದಲ್ಲಿ ಜಿಂಕೆ ಬೇಟೆಯ ಹಂಗಾಮು ಹತ್ತಿರ ಬಂತೆಂದರೆ ಗನ್‌ಸ್ಮಿತ್‌ಗಳ, ಅಂದರೆ ಬಂದೂಕು ರಿಪೇರಿಯವರ, ಬೆಂಚು ತುಂಬುತ್ತದೆ. ಬರುವ ರೈಫಲ್‌ಗಳಲ್ಲಿ ಹೆಚ್ಚಿನವುಗಳ ಚೀಟಿಯಲ್ಲಿ ಬರೆದಿರುವುದು ಒಂದೇ ಸಾಲು: ಟ್ರಿಗರ್ ಗಟ್ಟಿ, ಹಗುರ ಮಾಡಿ. ಟ್ರಿಗರ್‌ನ ತೂಕ ಅಳೆಯುವ ಗೇಜ್ ಸಿಕ್ಕಿಸಿ ನೋಡಿದರೆ ಅರ್ಧದಷ್ಟು ಕೇಸಿನಲ್ಲಿ ಅದು ಅಷ್ಟೇನೂ ಗಟ್ಟಿ ಇರುವುದಿಲ್ಲ. ನಾಲ್ಕು ಪೌಂಡ್ ತೋರಿಸುತ್ತದೆ, ಮಾಲೀಕರು ಆರು ಅಂದುಕೊಂಡಿರುತ್ತಾರೆ. ಬೆರಳಿಗೆ ಭಾರ ಅನ್ನಿಸುವುದು ತೂಕದಿಂದಲ್ಲ, ತೆವಳಾಟದಿಂದ. ಕುದಿಯುವ ಮುನ್ನ ಹಾಲು ಸರಿದಾಡುವ ಹಾಗೆ, ಗುಂಡು ಹಾರುವ ಮುನ್ನ ಟ್ರಿಗರ್ ಸ್ವಲ್ಪ ಜರುಗುತ್ತದೆ, ನಿಲ್ಲುತ್ತದೆ, ಮತ್ತೆ ಜರುಗುತ್ತದೆ. ಇದಕ್ಕೆ ಕ್ರೀಪ್ ಎನ್ನುತ್ತಾರೆ. ಸುಟ್ಟ ಹಪ್ಪಳ ಮುರಿದ ಹಾಗೆ ಒಂದೇ ಏಟಿಗೆ ಮುರಿಯುವ ಮೂರು ಪೌಂಡಿನ ಟ್ರಿಗರ್, ತೆವಳುವ ಎರಡು ಪೌಂಡಿನದಕ್ಕಿಂತ ಎಷ್ಟೋ ವಾಸಿ.

ಆದ್ದರಿಂದ ಮೊದಲ ಕೆಲಸ ಅಳತೆ. ಡಿಜಿಟಲ್ ಪುಲ್ ಗೇಜ್‌ನ ಕೊಕ್ಕೆಯನ್ನು ಟ್ರಿಗರ್‌ನ ಬಾಗಿನ ನಡುವೆ ಇಟ್ಟು, ನಳಿಗೆಗೆ ನೇರವಾಗಿ ಹಿಂದಕ್ಕೆ ಎಳೆದು, ಹತ್ತು ಸಲದ ಸರಾಸರಿ ಬರೆದುಕೊಳ್ಳಬೇಕು. ಸರಾಸರಿಗಿಂತ ಮುಖ್ಯವಾದದ್ದು ಹತ್ತರ ನಡುವಿನ ಅಂತರ. ಅದು ಕಾಲು ಪೌಂಡ್ ದಾಟಿದರೆ ಒಳಗೆ ಕೊಳೆ, ಒಣಗಿ ಅಂಟಾದ ಎಣ್ಣೆ, ಇಲ್ಲವೇ ಸವೆದ ಸೀರ್ (ಗುಂಡು ಸಿಡಿಸುವ ಮೊಳೆ, ಅಂದರೆ ಫೈರಿಂಗ್ ಪಿನ್ನನ್ನು ಹಿಡಿದಿಟ್ಟು ಟ್ರಿಗರ್ ಎಳೆದಾಗ ಬಿಡುವ ತುಣುಕು) ಇದೆ. ಎಷ್ಟೋ ಸಲ ಲೈಟರ್ ದ್ರವ ಹಾಕಿ ತೊಳೆದು ಗಾಳಿ ಊದಿದರೆ ಸಾಕಾಗುತ್ತದೆ, ಹೊಸ ಟ್ರಿಗರ್ ಬೇಕಾಗುವುದೇ ಇಲ್ಲ. ಗಿರಾಕಿಗೆ ಇದನ್ನು ಹೇಳಿದರೆ ಒಂದು ಮಾರಾಟ ತಪ್ಪುತ್ತದೆ ನಿಜ, ಹೇಳದಿದ್ದರೆ ಮುಂದಿನ ವರ್ಷ ಅದೇ ರೈಫಲ್ ಅದೇ ದೂರಿನೊಂದಿಗೆ ವಾಪಸ್ ಬರುತ್ತದೆ.

ಮುಂದಿನ ಮಾತೆಲ್ಲ ಅಮೆರಿಕದ ರೆಮಿಂಗ್ಟನ್ ಕಂಪನಿಯ 700 ರೈಫಲ್ ಬಗ್ಗೆ. 1962ರಲ್ಲಿ ಬಂದ ಈ ಬೋಲ್ಟ್ ಆಕ್ಷನ್ನಿಗೆ (ಪ್ರತಿ ಈಡಿಗೂ ಬೋಲ್ಟನ್ನು ಕೈಯಿಂದ ಎಳೆದು ಮುಚ್ಚುವ ರೈಫಲ್) ಸಿಗುವಷ್ಟು ಬಿಡಿಭಾಗ ಬೇರೆ ಯಾವ ಬೇಟೆ ರೈಫಲ್ಲಿಗೂ ಸಿಗುವುದು ಕಷ್ಟ. ಹಾಗಾಗಿ ಜನ ಮನೆಯಲ್ಲೇ ಬಿಚ್ಚುವುದೂ ಇದನ್ನೇ ಹೆಚ್ಚು.

ಹಳೆಯ ಫ್ಯಾಕ್ಟರಿ ಟ್ರಿಗರ್‌ನಲ್ಲಿ ಮೂರು ಸ್ಕ್ರೂ ಇವೆ. ಮುಂಬದಿ ಕೆಳಗಿನದು ಸ್ಪ್ರಿಂಗ್ ತೂಕದ್ದು, ಮುಂಬದಿ ಮೇಲಿನದು ಹಾರಿದ ಮೇಲೂ ಟ್ರಿಗರ್ ಎಷ್ಟು ಹಿಂದೆ ಹೋಗಬೇಕೆಂಬುದರದ್ದು, ಹಿಂಬದಿಯದು ಸೀರ್ ಎಷ್ಟು ಕಚ್ಚಿಕೊಂಡಿರಬೇಕೆಂಬುದರದ್ದು. ಈ ಹಿಂಬದಿಯ ಸ್ಕ್ರೂವೇ ಅಪಾಯದ ಮನೆ. ಕ್ರೀಪ್ ಹೋಗಲಿ ಎಂದು ಅದನ್ನು ತಿರುಗಿಸುತ್ತ ಹೋದರೆ ಕಚ್ಚಿಕೊಂಡಿರುವ ಅಂಚು ಕೂದಲೆಳೆಗೆ ಬರುತ್ತದೆ, ಬೋಲ್ಟ್ ಬಡಿದರೂ ಸಾಕು ಜಾರುತ್ತದೆ. ಅದಕ್ಕಿಂತ ಕೆಟ್ಟದ್ದು ಸೀರ್ ಮುಖವನ್ನು ಕಲ್ಲಿನಲ್ಲಿ ಉಜ್ಜುವುದು. ಇಂಥ ಭಾಗಗಳಲ್ಲಿ ಉಕ್ಕಿನ ಮೇಲ್ಪದರ ಮಾತ್ರ ಗಡಸು, ಒಳಗಿನದು ಮೆತ್ತಗೆ. ಉಜ್ಜಿದ ದಿನ ಬೆಣ್ಣೆಯ ಹಾಗೆ ಜಾರುತ್ತದೆ, ಎಲ್ಲರಿಗೂ ಖುಷಿ. ಪದರ ಹರಿದಿದ್ದರೆ ಕೆಲವು ನೂರು ಈಡಿನ ಹೊತ್ತಿಗೆ ಅಂಚು ದುಂಡಾಗಿ, ಟ್ರಿಗರ್ ತನ್ನಷ್ಟಕ್ಕೆ ತಾನೇ ಹಗುರವಾಗತೊಡಗುತ್ತದೆ. ಯಾರೋ ಉಜ್ಜಿದ ಸೀರ್ ಬೆಂಚಿಗೆ ಬಂದರೆ ಅದನ್ನು ಸರಿಪಡಿಸುವುದಿಲ್ಲ, ಕಸದ ಬುಟ್ಟಿಗೆ ಹಾಕುತ್ತೇವೆ. ಇಡೀ ಟ್ರಿಗರ್ ಬದಲಿಸುವುದೇ ದಾರಿ.

ಟಿಮ್ನಿ, ಟ್ರಿಗರ್‌ಟೆಕ್ ಕಂಪನಿಗಳು ಮಾಡುವ ಬೇಟೆ ಮಾದರಿಗಳಲ್ಲಿ ತೂಕವನ್ನು ಸುಮಾರು ಒಂದೂವರೆಯಿಂದ ನಾಲ್ಕು ಪೌಂಡಿನವರೆಗೆ ಹೊಂದಿಸಬಹುದು. ಕಾಡಿಗೆ ಹೋಗುವ ರೈಫಲ್ಲಿಗೆ ಎರಡೂವರೆಯಿಂದ ಮೂರೂವರೆ, ಅಂದರೆ ಸುಮಾರು 1.1ರಿಂದ 1.6 ಕಿಲೋ, ಸರಿಯಾದ ಜಾಗ. ಚಳಿಗೆ ಮರಗಟ್ಟಿದ ಬೆರಳು, ಅದರ ಮೇಲೆ ಕೈಗವಸು. ಒಂದೂವರೆ ಪೌಂಡ್ ಇದ್ದರೆ ಬೆರಳು ಮುಟ್ಟಿದ್ದು ಗೊತ್ತಾಗುವ ಮುಂಚೆಯೇ ಈಡಾಗಿರುತ್ತದೆ. ತರಿಸುವಾಗ ಒಂದು ವಿಷಯ ನೋಡಿಕೊಳ್ಳಿ: ಒಂದೇ ಟ್ರಿಗರ್ ಬೋಲ್ಟ್ ರಿಲೀಸ್ ಇರುವುದು, ಇಲ್ಲದ್ದು ಎಂದು ಎರಡು ಬಗೆಯಲ್ಲಿ ಬರುತ್ತದೆ. ಬೋಲ್ಟ್ ಬಿಡಿಸುವ ಗುಂಡಿ ಪಕ್ಕದಲ್ಲೇ ಇರುವ ಕಸ್ಟಮ್ ಆಕ್ಷನ್ನಿಗೆ (ಆಕ್ಷನ್ ಎಂದರೆ ಬೋಲ್ಟ್ ಕೂರುವ ಉಕ್ಕಿನ ಒಡಲು) ಇಲ್ಲದ್ದು ಸಾಕು. ಫ್ಯಾಕ್ಟರಿ 700ಕ್ಕೆ ಅದನ್ನು ಹಾಕಿದರೆ ಬೋಲ್ಟನ್ನು ಹೊರಗೆ ತೆಗೆಯುವ ದಾರಿಯೇ ಇರುವುದಿಲ್ಲ.

ಬಿಚ್ಚುವ ಕ್ರಮ. ಗುಂಡು ಇಲ್ಲವೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಾತ್ರಿ ಮಾಡಿ, ಮದ್ದುಗುಂಡನ್ನು ಆ ಕೋಣೆಯಿಂದಲೇ ಆಚೆ ಇಟ್ಟು, ಬೋಲ್ಟ್ ತೆಗೆಯಿರಿ. 1982ಕ್ಕೂ ಮುಂಚಿನ ರೈಫಲ್‌ಗಳಲ್ಲಿ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಲಿವರ್) ಹಾಕಿದರೆ ಬೋಲ್ಟೇ ಲಾಕ್ ಆಗುತ್ತದೆ, ಗುಂಡು ತೆಗೆಯಲು ಸೇಫ್ಟಿ ತೆಗೆಯಲೇಬೇಕು. ಅಂಥದ್ದು ಕೈಗೆ ಬಂದಾಗ ನಳಿಗೆಯ ಮೂತಿ ಎತ್ತ ಇದೆ ಎಂಬ ಎಚ್ಚರ ಇಮ್ಮಡಿ ಇರಲಿ. ಆಮೇಲೆ ಎರಡು ಆಕ್ಷನ್ ಸ್ಕ್ರೂ ಬಿಚ್ಚಿ ನಳಿಗೆ ಸಮೇತ ಆಕ್ಷನ್ನನ್ನು ಸ್ಟಾಕಿನಿಂದ, ಅಂದರೆ ರೈಫಲ್ಲಿನ ಹಿಡಿಯಿಂದ, ನೇರ ಮೇಲಕ್ಕೆ ಎತ್ತಿ. ಟ್ರಿಗರ್ ಎರಡು ಅಡ್ಡ ಪಿನ್‌ಗಳಲ್ಲಿ ತೂಗಿರುತ್ತದೆ. ಇಲ್ಲಿ ನಿಂತು ಫೋನಿನಲ್ಲಿ ಎರಡೂ ಬದಿಯ ಫೋಟೋ ತೆಗೆಯಿರಿ. ಯಾಕೆಂದರೆ ಹಿಂದಿನ ಪಿನ್ ಬೋಲ್ಟ್ ಸ್ಟಾಪನ್ನೂ ಅದರ ಪುಟ್ಟ ಸ್ಪ್ರಿಂಗನ್ನೂ ಹಿಡಿದಿದೆ. ಪಿನ್ ಪೂರ್ತಿ ಹೊರಬಂದರೆ ಆ ಸ್ಪ್ರಿಂಗ್ ಹಾರಿ ಬೆಂಚಿನ ಕೆಳಗಿನ ಮರದ ಪುಡಿಯೊಳಗೆ ಸೇರುತ್ತದೆ, ಹುಡುಕುವುದರಲ್ಲೇ ಸಂಜೆ. ಮುಂದಿನ ಪಿನ್ನನ್ನು ಹಿತ್ತಾಳೆ ಪಂಚ್‌ನಿಂದ ಪೂರ್ತಿ ತೆಗೆದು, ಹಿಂದಿನದನ್ನು ಟ್ರಿಗರ್ ಕಳಚುವಷ್ಟು ಮಾತ್ರ ಸರಿಸಿ. ಹೊಸದನ್ನು ಕೂರಿಸಿ ಅದೇ ಹಾದಿಯಲ್ಲಿ ಪಿನ್ ವಾಪಸ್ ತಟ್ಟಿ. ಹೊಡೆತ ಜೋರಾಗಿ ಬೇಕೆನಿಸಿದರೆ ರಂಧ್ರ ಒಂದೇ ನೇರದಲ್ಲಿಲ್ಲ ಎಂದರ್ಥ. ಅಲ್ಲಿ ಬಲ ಹಾಕಿದರೆ ಟ್ರಿಗರ್ ಡಬ್ಬಿಯ ಗೋಡೆ ಸೊಟ್ಟಗಾಗುತ್ತದೆ.

ಇಲ್ಲಿಗೆ ಅರ್ಧ ಗಂಟೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ ಸ್ಟಾಕ್ ಬಿಗಿಯುತ್ತಾರೆ, ತೊಂದರೆಯೂ ಇಲ್ಲಿಂದಲೇ ಶುರು.

ಹೊಸ ಟ್ರಿಗರ್‌ನ ಡಬ್ಬಿ ಹಳೆಯದಕ್ಕಿಂತ ಒಂದು ಮಿಲಿಮೀಟರ್ ಅಗಲವಿದ್ದರೂ ಸ್ಟಾಕಿನ ಗೂಡಿಗೆ ಉಜ್ಜುತ್ತದೆ. ಸ್ಟಾಕಿನ ಹೊರಗೆ ಮೂರು ಪೌಂಡ್ ತೋರಿಸಿದ್ದು ಸ್ಕ್ರೂ ಬಿಗಿದ ಮೇಲೆ ನಾಲ್ಕಕ್ಕೆ ಏರಿದರೆ, ಅಥವಾ ಟ್ರಿಗರ್ ಮುಂದಕ್ಕೆ ಮರಳಲು ಸೋಮಾರಿತನ ಮಾಡಿದರೆ, ಅನುಮಾನ ಬೇಡ, ಅದೇ ಕಾರಣ. ಸೇಫ್ಟಿ ಲಿವರ್‌ನದು ಇನ್ನೂ ಗುಟ್ಟಿನ ತೊಂದರೆ. ಲಿವರ್‌ನ ಬುಡ ಮರಕ್ಕೆ ತಾಗಿ, ನೋಡಲು ಹಿಂದಕ್ಕೆ ಬಂದಂತೆ ಕಂಡರೂ ಕೊನೆಯ ಕ್ಲಿಕ್ ಆಗಿರುವುದಿಲ್ಲ, ಅರ್ಧ ಸೇಫ್ಟಿ. ಪತ್ತೆ ಸುಲಭ: ಟ್ರಿಗರ್ ಡಬ್ಬಿಯ ಬದಿಗೂ ಲಿವರಿಗೂ ಲಿಪ್‌ಸ್ಟಿಕ್ ಸವರಿ, ಬಿಗಿದು, ನಾಲ್ಕು ಸಲ ಆಡಿಸಿ, ಬಿಚ್ಚಿ ನೋಡಿ. ಗೂಡಿನಲ್ಲಿ ಕೆಂಪು ಎಲ್ಲಿ ಹತ್ತಿದೆಯೋ ಅಲ್ಲಿ ಮಾತ್ರ ಮರಳು ಕಾಗದದಲ್ಲಿ ತೆಗೆಯಿರಿ, ಮತ್ತೆ ಸವರಿ. ಸಾಮಾನ್ಯವಾಗಿ ಮೂರನೇ ಸುತ್ತಿಗೆ ಕೆಂಪು ಹತ್ತದೆ ಹೊರಬರುತ್ತದೆ. ಟ್ರಿಗರ್‌ನ ತುದಿ ಗಾರ್ಡಿನ ಸೀಳಿಗೆ ತಾಗುತ್ತಿದೆಯೇ ಎಂದೂ ಇದೇ ಸಲಕ್ಕೆ ನೋಡಿಬಿಡಿ.

ಪರೀಕ್ಷೆ, ಖಾಲಿ ರೈಫಲ್‌ನಲ್ಲಿ, ಸ್ಟಾಕ್ ಬಿಗಿದ ಮೇಲೆ. ಬೋಲ್ಟ್ ಮುಚ್ಚಿ, ಸೇಫ್ಟಿ ಹಾಕಿ, ಟ್ರಿಗರನ್ನು ಬಲವಾಗಿ ಎಳೆದು ಬಿಡಿ. ಬೆರಳು ಪೂರ್ತಿ ಆಚೆ ತೆಗೆದು ಸೇಫ್ಟಿ ಸರಿಸಿ. ಏನೂ ಆಗಬಾರದು. ಈಗ ಟ್ರಿಗರ್ ಎಳೆದರೆ ಕ್ಲಿಕ್ ಕೇಳಬೇಕು. ಕೇಳದಿದ್ದರೆ ಫೈರಿಂಗ್ ಪಿನ್ ಮೊದಲೇ ಬಿದ್ದುಹೋಗಿದೆ. ಮುಂದೆ, ಬೋಲ್ಟನ್ನು ಇಪ್ಪತ್ತು ಸಲ ಸಿಟ್ಟಿನಿಂದ ಬಡಿದು ಮುಚ್ಚಿ, ಪ್ರತಿ ಸಲ ಕ್ಲಿಕ್ ಇದೆಯೇ ನೋಡಿ. ಕೊನೆಗೆ ಸೇಫ್ಟಿ ಇಲ್ಲದೆ, ಒಂದಡಿ ಎತ್ತರದಿಂದ ಸ್ಟಾಕಿನ ಬುಡವನ್ನು ರಬ್ಬರ್ ಚಾಪೆಗೆ ಕುಟ್ಟಿ, ರಬ್ಬರ್ ಸುತ್ತಿಗೆಯಿಂದ ನಾಲ್ಕೂ ಬದಿಗೆ ತಟ್ಟಿ. ಇಪ್ಪತ್ತರಲ್ಲಿ ಹತ್ತೊಂಬತ್ತು ಸರಿ ಬಂದರೆ ಅದು ಪಾಸಲ್ಲ. ಅರ್ಧ ಪೌಂಡ್ ತೂಕ ಏರಿಸಿ ಮೊದಲಿನಿಂದ. ಆಗಲೂ ತಪ್ಪಿದರೆ ಟ್ರಿಗರ್ ತಯಾರಿಸಿದವರಿಗೆ ವಾಪಸ್.

ಸ್ಕ್ರೂ ಅಂಟಿನ ವಿಷಯದಲ್ಲಿ ಜಿಪುಣರಾಗಿರಿ. 2014ರ ಏಪ್ರಿಲ್‌ನಲ್ಲಿ ರೆಮಿಂಗ್ಟನ್ ತನ್ನ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇರುವ ರೈಫಲ್‌ಗಳನ್ನು ವಾಪಸ್ ಕರೆಸಿತು. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದವು. ಜೋಡಣೆಯಲ್ಲಿ ಹೆಚ್ಚಾಗಿ ಬಿದ್ದ ಅಂಟಿನಿಂದ ಕೆಲವು ತಾವಾಗಿಯೇ ಹಾರಬಹುದೆಂಬುದು ಕಂಪನಿಯೇ ಹೇಳಿದ ಕಾರಣ. ಕಾರ್ಖಾನೆಯಲ್ಲೇ ಹೀಗಾಗುವುದಾದರೆ ಅಡುಗೆ ಮನೆಯ ಮೇಜಿನ ಮೇಲೆ ಲಾಕ್‌ಟೈಟ್ ಬಾಟಲಿ ಹಿಂಡುವ ಕೈಗೆ ಏನು ಹೇಳೋಣ? ಟ್ರಿಗರ್‌ನ ಹೊಂದಾಣಿಕೆ ಸ್ಕ್ರೂಗೆ ಹೊರಗಿನಿಂದ ಉಗುರು ಬಣ್ಣದ ಒಂದು ಚುಕ್ಕೆ ಸಾಕು. ಹೀಗೆ ವಾಪಸ್ ಕರೆಸಿದ ಪಟ್ಟಿಯಲ್ಲಿ ಬರುವ ಹಳೆಯ ಟ್ರಿಗರ್ ಇನ್ನೂ ಹಾಗೇ ಇರುವ ರೈಫಲ್ ಸಿಕ್ಕರೆ ಅದನ್ನು ಹೊಂದಿಸಲು ಹೋಗಬೇಡಿ, ತೆಗೆದುಬಿಡಿ.

ಎಣ್ಣೆಯೂ ಅಷ್ಟೇ. ಟ್ರಿಗರ್ ಒಣಗಿರಬೇಕು. ನಳಿಗೆ ತೊಳೆಯುವಾಗ ಬೋರ್ ಗೈಡ್ (ತೊಳೆಯುವ ಕೋಲನ್ನು ನಳಿಗೆಗೆ ನೇರ ಒಯ್ಯುವ ಕೊಳವೆ) ಇಲ್ಲದೆ, ಮೂತಿ ಮೇಲೆ ಮಾಡಿ ಸಾಲ್ವೆಂಟ್ ಸುರಿದರೆ ಅದು ಇಳಿದು ನಿಲ್ಲುವುದು ಟ್ರಿಗರ್ ಡಬ್ಬಿಯಲ್ಲಿ. ಮೈನಸ್ 20 ಡಿಗ್ರಿಯಲ್ಲಿ ಆ ಅಂಟು ತುಪ್ಪದಂತೆ ಗಟ್ಟಿಯಾಗುತ್ತದೆ, ಸೀರ್ ಮೇಲೆದ್ದು ಕಚ್ಚಿಕೊಳ್ಳುವುದಿಲ್ಲ, ಬೋಲ್ಟ್ ಮುಚ್ಚಿದಂತೆ ಫೈರಿಂಗ್ ಪಿನ್ ಹಿಂಬಾಲಿಸಿ ಹೋಗುತ್ತದೆ.

ಟ್ರಿಗರ್ ಜೊತೆಗೆ ಜನ ಹೊಸ ರೈಲು ಹಾಕಿಸಿಕೊಳ್ಳುತ್ತಾರೆ, ದುರ್ಬೀನಿನ ಕೆಳಗೆ. ಫ್ಯಾಕ್ಟರಿ 700ರ ಮೇಲಿನ ತೂತುಗಳು 6-48 ಅಳತೆಯವು, ಅಂದರೆ ಇಂಚಿಗೆ 48 ಸುತ್ತು. ನಾಲ್ಕು ಸ್ಕ್ರೂಗಳಲ್ಲಿ ಮುಂದಿನೆರಡರ ಉದ್ದ ಹೆಚ್ಚಾದರೆ, ಒಂದು ನಳಿಗೆಯ ಥ್ರೆಡ್ಡಿಗೆ ಒತ್ತುತ್ತದೆ, ಇನ್ನೊಂದು ಬೋಲ್ಟ್‌ನ ಕಿವಿ ತಿರುಗುವ ಜಾಗಕ್ಕೆ ಇಣುಕುತ್ತದೆ. ರೈಲು ಹಾಕಿದ ದಿನವೇ ಬೋಲ್ಟ್ ಗಡುಸಾಯಿತೆಂದು ದೂರು ಬಂದರೆ ಟ್ರಿಗರನ್ನು ದೂರಬೇಡಿ. ಒಂದೊಂದೇ ಸ್ಕ್ರೂ ಹಾಕಿ, ಪ್ರತಿ ಸಲ ಬೋಲ್ಟ್ ಆಡಿಸಿ ನೋಡಿ, ಕಳ್ಳ ಸಿಗುತ್ತಾನೆ. ಒಂದು ಸುತ್ತು ಎಂದರೆ 0.53 ಮಿಲಿಮೀಟರ್, ತುದಿಯನ್ನು ಒಂದೂವರೆ ಸುತ್ತಿನಷ್ಟು ಅರದಲ್ಲಿ ಉಜ್ಜಿದರೆ ಹೆಚ್ಚಿನ ಸಲ ಸಾಕು. ಮತ್ತೆ ಹಾಕುವಾಗ ಎಣ್ಣೆ ಪಸೆ ತೆಗೆದು, ನೀಲಿ ಲಾಕ್‌ಟೈಟ್ ಸೂಜಿ ಮೊನೆಯಷ್ಟು, 15ರಿಂದ 20 ಇಂಚ್-ಪೌಂಡ್ ಬಿಗಿ. ಇದಕ್ಕೆ ಬಿಗಿ ಅಳೆಯುವ ಟಾರ್ಕ್ ಡ್ರೈವರ್ ಬೇಕೇ ಬೇಕು. ಮಣಿಕಟ್ಟಿನ ಅಂದಾಜಿಗೆ ಬಿಟ್ಟರೆ 6-48 ಸ್ಕ್ರೂಗಳ ತಲೆ ಹಾರುತ್ತದೆ.

ಆಕ್ಷನ್ ಸ್ಕ್ರೂಗಳಿಗೆ ಅಲ್ಯೂಮಿನಿಯಂ ಬ್ಲಾಕ್ ಅಥವಾ ಪಿಲ್ಲರ್ (ಸ್ಕ್ರೂ ಹಾಯುವ ಲೋಹದ ಕೊಳವೆ) ಇರುವ ಸ್ಟಾಕಾದರೆ 65 ಇಂಚ್-ಪೌಂಡ್, ಅಂದರೆ ಸುಮಾರು 7.3 ನ್ಯೂಟನ್ ಮೀಟರ್. ಬರೀ ಮರವಾದರೆ 40ರ ಆಸುಪಾಸು. 65 ಹಾಕಿದರೆ ಮರ ಕುಗ್ಗುತ್ತಲೇ ಹೋಗುತ್ತದೆ, ಹಂಗಾಮಿನ ನಡುವೆ ಗುರಿ ಅಲೆದಾಡುತ್ತದೆ. ಬೆಡ್ಡಿಂಗ್, ಅಂದರೆ ಆಕ್ಷನ್ ಕೂರುವ ಗೂಡಿಗೆ ಎಪಾಕ್ಸಿ ಹಾಸುವುದು, ಬೇಕೋ ಬೇಡವೋ ತಿಳಿಯಲು ಡಯಲ್ ಇಂಡಿಕೇಟರನ್ನು ಸ್ಟಾಕಿಗೆ ಕಟ್ಟಿ, ಮುಳ್ಳನ್ನು ನಳಿಗೆಗೆ ತಾಗಿಸಿ, ಮುಂದಿನ ಸ್ಕ್ರೂ ಸಡಿಲಿಸಿ. ಮುಳ್ಳು 0.05 ಮಿಲಿಮೀಟರಿಗಿಂತ ಹೆಚ್ಚು ಓಡಿದರೆ ಆಕ್ಷನ್ ಸ್ಟಾಕಿನೊಳಗೆ ಬಾಗಿ ಕೂತಿದೆ, ಎಪಾಕ್ಸಿ ಬೆಡ್ಡಿಂಗ್ ಮಾಡಿಸಿ. ಅದನ್ನು ಮಾಡುವಾಗ ಟ್ರಿಗರ್ ರೈಫಲ್ ಮೇಲೆ ಇರಲೇಬಾರದು. ಪಿನ್ ತೂತು, ಮ್ಯಾಗಜೀನ್ ಗೂಡು ಎಲ್ಲಕ್ಕೂ ಮಕ್ಕಳು ಆಡುವ ಬಣ್ಣದ ಮಣ್ಣು ತುಂಬಿ. ಉಕ್ಕಿಗೆ ಬಣ್ಣವಿಲ್ಲದ ಶೂ ಪಾಲಿಶ್ ಎರಡು ಕೋಟು. ರಿಕಾಯಿಲ್ ಲಗ್‌ನ (ಒದೆತವನ್ನು ಸ್ಟಾಕಿಗೆ ದಾಟಿಸುವ ಉಕ್ಕಿನ ಚಾಚು) ಮುಂದೆ, ಪಕ್ಕ, ಕೆಳಗೆ ಟೇಪ್ ಅಂಟಿಸಿ, ಹಿಂದಿನ ಮುಖ ಮಾತ್ರ ಬರಿದಾಗಿರಲಿ, ಒದೆತ ಹೊರುವುದು ಅದೇ. ಪಾಲಿಶ್ ಮರೆತರೆ ರೈಫಲ್ಲೂ ಸ್ಟಾಕೂ ಶಾಶ್ವತ ದಂಪತಿ. ಇಪ್ಪತ್ತನಾಲ್ಕು ಗಂಟೆ ಬಿಟ್ಟು ಬಿಡಿಸಿ.

ರಬ್ಬರ್ ರಿಕಾಯಿಲ್ ಪ್ಯಾಡ್ ಖಂಡಿತ ಹಾಕಿಸಿ. ನಳಿಗೆಯ ತುದಿಗೆ ಹಾಕುವ ಮಜಲ್ ಬ್ರೇಕ್ ಒದೆತ ತಗ್ಗಿಸುತ್ತದೆ, ಆದರೆ ಸದ್ದನ್ನು ಕಿವಿಯತ್ತ ತಿರುಗಿಸುತ್ತದೆ. ಕಿವಿಗೆ ರಕ್ಷಣೆ ಇಲ್ಲದೆ ಬೇಟೆಗೆ ಹೋಗುವವರಿಗೆ ಅದು ಬೇಡ.

ಕಾನೂನಿನ ಮಾತು. ಅಮೆರಿಕದಲ್ಲಿ ಟ್ರಿಗರ್ ಬಿಡಿಭಾಗ ಮಾತ್ರ, ಸೀರಿಯಲ್ ನಂಬರ್ ಇರುವ ರಿಸೀವರೇ ಬಂದೂಕು. ಲೈಸೆನ್ಸ್ ಇರುವ ಗನ್‌ಸ್ಮಿತ್ ಗಿರಾಕಿಯ ರೈಫಲ್ಲನ್ನು ರಾತ್ರಿ ಇಟ್ಟುಕೊಂಡರೆ ಪುಸ್ತಕದಲ್ಲಿ ಬರೆಯಲೇಬೇಕು. ನಮ್ಮ ಭಾರತದಲ್ಲಿ ಲೆಕ್ಕವೇ ಬೇರೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ನಿಷಿದ್ಧ, 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಬಂದೂಕು ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ ಇಡುವ ಕೋವಿ ಲೈಸೆನ್ಸ್ ವಿನಾಯಿತಿಯದ್ದೇ ಆಗಿರಲಿ, ಅದರ ಲಾಕ್ ಬಿಚ್ಚಬೇಕೆಂದರೆ ಲೈಸೆನ್ಸ್ ಇರುವ ರಿಪೇರಿಯವರ ಬಳಿಗೇ ಒಯ್ಯಿರಿ.

ಎಲ್ಲ ಬಿಗಿದ ಮೇಲೆ ಪ್ರತಿ ಸ್ಕ್ರೂ ತಲೆಯಿಂದ ಪಕ್ಕದ ಲೋಹದವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ಇಪ್ಪತ್ತು ಈಡು ಹೊಡೆದು ಬಂದು ನೋಡಿ. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಬಿಚ್ಚಿ, ಪಸೆ ಒರೆಸಿ, ಮತ್ತೆ ಬಿಗಿದು, ಗುರಿ ಮತ್ತೆ ಹೊಂದಿಸಿ. ಆಮೇಲೆ ಗೇಜ್ ಸಿಕ್ಕಿಸಿ ಇನ್ನೊಮ್ಮೆ ಹತ್ತು ಸಲ ಎಳೆದು, ಮೊದಲು ಬರೆದಿಟ್ಟ ಚೀಟಿಯ ಪಕ್ಕದಲ್ಲೇ ಬರೆದಿಡಿ.