ಬಿದ್ದದ್ದು ಒಂದೇ ರನ್, ಅದನ್ನೂ ನಾನು ನೋಡಲಿಲ್ಲ

2012ರ ಆಗಸ್ಟ್ 15, ಬುಧವಾರ. ಊರಲ್ಲಿ ಬಾವುಟ ಹಾರಿಸಿ, ಸಿಹಿ ಹಂಚಿ, ಎಲ್ಲರೂ ಮಲಗಿಯೂ ಆಗಿತ್ತು. ಸಿಯಾಟಲ್‌ನಲ್ಲಿ ನನಗೆ ಮಾಮೂಲಿ ಆಫೀಸು. ಆದರೆ ಮ್ಯಾನೇಜರ್ ಇಡೀ ಟೀಮಿಗೆ ಬೇಸ್‌ಬಾಲ್ ಟಿಕೆಟ್ ತಂದಿದ್ದರು. ಮಧ್ಯಾಹ್ನ ಸೇಫ್‌ಕೋ ಫೀಲ್ಡ್‌ನಲ್ಲಿ ಸಿಯಾಟಲ್‌ನ ತಂಡ ಮ್ಯಾರಿನರ್ಸ್ ಮತ್ತು ಟ್ಯಾಂಪಾ ಬೇ ರೇಸ್ ಅನ್ನೋ ತಂಡದ ಆಟ. ಬಿಟ್ಟಿ ರಜೆ, ಅಪರೂಪದ ಬಿಸಿಲು. ಯಾಕೆ ಬೇಡ ಅನ್ನಲಿ?

ನನಗೆ ಗೊತ್ತಿದ್ದ ಬೇಸ್‌ಬಾಲ್ ಇಷ್ಟೇ: ಸರಿಯಾಗಿ ಬಂದ ಚೆಂಡು ಬಿಟ್ಟರೂ, ಬೀಸಿ ತಪ್ಪಿದರೂ ಸ್ಟ್ರೈಕ್, ಮೂರು ಸ್ಟ್ರೈಕ್ ಆದರೆ ಔಟ್ (ಅದೇ ಸ್ಟ್ರೈಕ್‌ಔಟ್), ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್, ಮೂರು ಔಟ್ ಆದರೆ ಸೈಡ್ ಚೇಂಜ್, ಹೀಗೆ ಒಂಬತ್ತು ಸಲ. ಮ್ಯಾರಿನರ್ಸ್ ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ಫೆಲಿಕ್ಸ್ ಹರ್ನಾಂಡೆಸ್. ವೆನೆಜುವೆಲಾದವನು. ಸಿಯಾಟಲ್‌ನವರಿಗೆಲ್ಲ ಅವನು 'ಕಿಂಗ್'. ಎಡಗಡೆ ಒಂದು ಗುಂಪು ಹಳದಿ ಟೀ ಶರ್ಟ್ ಹಾಕಿಕೊಂಡು, ಕೈಯಲ್ಲಿ 'ಕೆ' (ಸ್ಟ್ರೈಕ್‌ಔಟ್‌ನ ಗುರುತು) ಅಂತ ಬರೆದ ಹಳದಿ ಕಾರ್ಡ್ ಹಿಡಿದು ಕೂತಿತ್ತು. ಅವನು ಸ್ಟ್ರೈಕ್‌ಔಟ್ ಮಾಡಿದಾಗಲೆಲ್ಲ ಅವರದು ಕುಣಿತ. ನಮ್ಮ ಕಡೆ ಟೆಂಟ್ ಸಿನಿಮಾದಲ್ಲಿ ಹೀರೋ ಎಂಟ್ರಿ ಆದ ಹಾಗೆ.

ಮೊದಲ ಇನ್ನಿಂಗ್ಸ್‌ನಲ್ಲೇ ರೇಸ್‌ನ ಸ್ಯಾಮ್ ಫುಲ್ಡ್ ಒಂದು ದೊಡ್ಡ ಹೊಡೆತ ಹೊಡೆದ. ಎರಿಕ್ ಥೇಮ್ಸ್ ಓಡಿ ಹೋಗಿ ಹಿಡಿದ. ಆಮೇಲೆ ಏನೂ ಇಲ್ಲ. ಬರೋದು, ಬ್ಯಾಟ್ ಬೀಸೋದು, ಹೋಗೋದು. ನಾನು ಆಕಳಿಸಿದೆ. ಮೂರನೇ ಇನ್ನಿಂಗ್ಸ್‌ನಲ್ಲಿ ಬೆಳ್ಳುಳ್ಳಿ ಫ್ರೈಸ್ ತರೋಣ ಅಂತ ಎದ್ದೆ. ಕ್ಯೂನಲ್ಲಿ ನಿಂತಿದ್ದಾಗ ಒಳಗೆ ಗದ್ದಲ ಕೇಳಿಸಿತು. ಮ್ಯಾರಿನರ್ಸ್‌ನ ಹೆಸೂಸ್ ಮಾಂಟೆರೋ ಹೊಡೆತಕ್ಕೆ ಬ್ರೆಂಡನ್ ರಯಾನ್ ಓಡಿ ಬಂದು ರನ್ ಗಳಿಸಿದ್ದನಂತೆ. ಹೋಗಲಿ ಬಿಡು, ಇನ್ನೂ ಹತ್ತು ಬೀಳುತ್ತೆ ಅಂದುಕೊಂಡೆ.

ಬೀಳಲಿಲ್ಲ.

ಆರು ಇನ್ನಿಂಗ್ಸ್ ಮುಗಿದಾಗ ಸುಮ್ನೆ ಸ್ಕೋರ್‌ಬೋರ್ಡ್ ಕಡೆ ನೋಡಿದೆ. ರೇಸ್ ಸಾಲಿನಲ್ಲಿ ರನ್ ಸೊನ್ನೆ. ಹಿಟ್, ಅಂದರೆ ಬೇಸ್ ಮುಟ್ಟಿಸುವ ಹೊಡೆತ, ಅದೂ ಸೊನ್ನೆ. ಪಕ್ಕದ ಸಹೋದ್ಯೋಗಿಗೆ ಜೋರಾಗೇ ಕೇಳಿದೆ, "ಅವರ ಕಡೆ ಒಬ್ಬನೂ ಬೇಸ್ ಮುಟ್ಟಿಲ್ಲ ಅಲ್ವಾ?" ಮುಂದಿನ ಸೀಟಿನ ಅಜ್ಜ ತಿರುಗಿ ನನ್ನನ್ನು ಹೇಗೆ ನೋಡಿದರು ಅಂದರೆ, ಕೈಯಲ್ಲಿದ್ದ ಫ್ರೈಸ್ ಹಾಗೇ ನಿಂತಿತು. ಸಹೋದ್ಯೋಗಿ ಪಿಸುಗುಟ್ಟಿದ: ಆ ಮಾತು ಆಡಬಾರದು!

ಅರ್ಥವಾಯಿತು. ದೃಷ್ಟಿ ತಾಗುತ್ತೆ! ನಮ್ಮಪ್ಪ ಸಚಿನ್ ತೊಂಬತ್ತು ದಾಟಿದರೆ ನಮ್ಮನ್ನು ಕೂತ ಜಾಗದಿಂದ ಏಳೋಕೆ ಬಿಡುತ್ತಿರಲಿಲ್ಲ. ಇದೂ ಅದೇ ಕಾಯಿಲೆ.

ಎದುರಾಳಿಗೆ ಒಂದೂ ರನ್ ಕೊಡದೆ ಗೆದ್ದರೆ ಅದು ಶಟ್‌ಔಟ್. ಅದು ಆಗಾಗ ಆಗುತ್ತೆ. ಆದರೆ ಒಂಬತ್ತು ಇನ್ನಿಂಗ್ಸ್‌ನಲ್ಲಿ ಇಪ್ಪತ್ತೇಳು ಸಲ ಬ್ಯಾಟಿಂಗ್‌ಗೆ ಬಂದು ಇಪ್ಪತ್ತೇಳು ಸಲವೂ ಔಟಾಗಿ, ಒಬ್ಬನೂ ಮೊದಲ ಬೇಸ್‌ಗೇ ಬರದಿದ್ದರೆ ಅದು ಪರ್ಫೆಕ್ಟ್ ಗೇಮ್. ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಅಷ್ಟು ವರ್ಷಗಳಲ್ಲಿ ಅಲ್ಲಿಯವರೆಗೆ ಆಗಿದ್ದದ್ದು ಬರೀ 22. ಮ್ಯಾರಿನರ್ಸ್‌ಗಂತೂ ಒಂದೂ ಇರಲಿಲ್ಲ.

ಏಳನೇ ಇನ್ನಿಂಗ್ಸ್‌ನಲ್ಲಿ ರೇಸ್ ತಂಡದ ಮ್ಯಾನೇಜರ್ (ನಮ್ಮ ಕೋಚ್ ಇದ್ದ ಹಾಗೆ) ಜೋ ಮ್ಯಾಡನ್ ಅಂಪೈರ್ ಜೊತೆ ಜಗಳ ಆಡಿ ಹೊರಗೆ ಹಾಕಿಸಿಕೊಂಡರು. ಫೆಲಿಕ್ಸ್ ಲಯ ಕೆಡಿಸೋಕೇ ಬಂದರು ಅಂತ ನನಗೆ ಈಗಲೂ ಅನುಮಾನ. ಕೆಡಲಿಲ್ಲ. ಎಂಟನೇ ಇನ್ನಿಂಗ್ಸ್‌ನಲ್ಲಿ ಮೂವರೂ ಸ್ಟ್ರೈಕ್‌ಔಟ್.

ಒಂಬತ್ತನೇದಕ್ಕೆ ಇಡೀ ಮೈದಾನ ಎದ್ದು ನಿಂತಿತ್ತು. ಕೊನೆಯ ಬ್ಯಾಟರ್ ಷಾನ್ ರೋಡ್ರಿಗೆಸ್. ಎರಡು ಸ್ಟ್ರೈಕ್ ಆಯಿತು. ನಾನು ಯಾವಾಗಲೋ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡಿದ್ದೆ. ಚೆಂಡು ಬಂತು. ಅವನು ಬ್ಯಾಟ್ ಬೀಸಲೇ ಇಲ್ಲ, ಸುಮ್ನೆ ನೋಡುತ್ತಾ ನಿಂತ. ಸ್ಟ್ರೈಕ್! ಫೆಲಿಕ್ಸ್ ಎರಡೂ ಕೈ ಆಕಾಶಕ್ಕೆ ಎತ್ತಿದ. ಅಜ್ಜ ನನ್ನನ್ನು ತಬ್ಬಿಕೊಂಡರು. ಅವರ ಕನ್ನಡಕ ನನ್ನ ಭುಜಕ್ಕೆ ಒತ್ತಿದ್ದು ನೆನಪಿದೆ.

ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲ ಹೇಳಿದೆ.

"ಗೆದ್ದವರು ಎಷ್ಟು ರನ್ ಹೊಡೆದರಪ್ಪ?"

"ಒಂದು."

"ಒಂದೇನಾ? ಯಾಕೋ, ಮಳೆ ಬಂತಾ?"