ಶಿರಸಿಯಿಂದ ಕಾರವಾರದವರೆಗೆ ಒಂದು ಮದರ್‌ಬೋರ್ಡ್ ಹುಡುಕುತ್ತ

ತಂಗಿಯ ಮಗನಿಗೆ ಯಕ್ಷಗಾನದ ವೀಡಿಯೊ ಮಾಡುವ ಹುಚ್ಚು. ರಾತ್ರಿಯಿಡೀ ಆಟ ಚಿತ್ರೀಕರಿಸಿ ಮರುದಿನ ಮನೆಯಲ್ಲಿ ಕೂತು ಎಡಿಟ್ ಮಾಡುತ್ತಾನೆ. ದೀಪಾವಳಿಗೆ ಹೊಸ ಕ್ಯಾಮೆರಾ ಬಂತು. ಅದರಲ್ಲಿ ತೆಗೆದದ್ದನ್ನು ಹಾಕಿದ್ದೇ ತಡ, ಹಳೆಯ ಕಂಪ್ಯೂಟರ್ ಕೈಚೆಲ್ಲಿತು. ಚಂಡೆಯ ಪೆಟ್ಟು ಕೇಳುತ್ತದೆ, ಪರದೆಯ ಮೇಲೆ ವೇಷದ ಕಾಲು ಮಾತ್ರ ಎತ್ತಿದಲ್ಲೇ ನಿಂತಿರುತ್ತದೆ. ಹಾಗಾಗಿ 2025ರ ಡಿಸೆಂಬರಿನಲ್ಲಿ ನಾವಿಬ್ಬರೂ ಹೊಸ ಮದರ್‌ಬೋರ್ಡ್, ಪ್ರೊಸೆಸರ್ ನೋಡಲು ಶಿರಸಿ, ಕುಮಟಾ, ಕಾರವಾರದ ಅಂಗಡಿಗಳನ್ನು ಸುತ್ತಿ ಬಂದೆವು. ಇದೇ ಕೆಲಸಕ್ಕೆ ಹೊರಡುವವರು ನಮ್ಮ ಕಡೆ ಬೇಕಷ್ಟು ಜನ ಇದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ.

ಕೂತಲ್ಲೇ ಆರ್ಡರ್ ಮಾಡಿದರೆ ಮನೆಗೇ ಬರುತ್ತಿತ್ತು, ನಿಜ. ಆದರೆ ಮೂರು ವರ್ಷದ ಹಿಂದೆ ಪಾರ್ಸಲ್‌ನಲ್ಲಿ ತರಿಸಿದ ಬೋರ್ಡಿನ ಸಾಕೆಟ್‌ನಲ್ಲಿ, ಅಂದರೆ ಪ್ರೊಸೆಸರ್ ಕೂರುವ ಜಾಗದಲ್ಲಿ, ಎರಡು ಪಿನ್ ಬಾಗಿದ್ದವು. ನಾನು ಡಬ್ಬ ಬಿಚ್ಚುವಾಗ ನೋಡಿಕೊಳ್ಳಲಿಲ್ಲ. ಹತ್ತು ದಿನ ಬಿಟ್ಟು ತಕರಾರು ಹೇಳಿದರೆ, ನಿಮ್ಮ ಕೈಯಲ್ಲೇ ಆದದ್ದು, ಇದಕ್ಕೆ ವಾರಂಟಿ ಇಲ್ಲ ಎಂದುಬಿಟ್ಟರು. ಒಂದು ಬೋರ್ಡಿನ ದುಡ್ಡು ಪೂರಾ ಹೋಯಿತು. ಅಂದಿನಿಂದ ಕಣ್ಣೆದುರು ಬಿಚ್ಚಿಸಿ ನೋಡದೆ ಬೋರ್ಡ್ ಕೊಳ್ಳುವುದಿಲ್ಲ.

ಹೊರಡುವ ಮೊದಲು ಮನೆಯಲ್ಲಿ ಒಂದು ಗಂಟೆ ಕೂತು ಮಾಡುವ ಕೆಲಸವಿದೆ. ಹಳೆಯ ಪ್ರೊಸೆಸರ್ ಯಾವುದು, ರ‍್ಯಾಮ್ ಡಿಡಿಆರ್4 ಎನ್ನುವ ಹಿಂದಿನ ಬಗೆಯದು ಹೌದೋ ಅಲ್ಲವೋ, ಎಷ್ಟು ಕಡ್ಡಿ ಇವೆ, ಎಸ್‌ಎಂಪಿಎಸ್ (ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ) ಎಷ್ಟು ವಾಟ್‌ನದು, ಕ್ಯಾಬಿನೆಟ್‌ನಲ್ಲಿ ಎಷ್ಟು ದೊಡ್ಡ ಬೋರ್ಡ್ ಕೂರುತ್ತದೆ ಎಂದು ಬರೆದುಕೊಳ್ಳಿ. ನಾವು ಒಂದು ರ‍್ಯಾಮ್ ಕಡ್ಡಿಯನ್ನೇ ಕಳಚಿ ಅದರ ಬೆಳ್ಳಿಬಣ್ಣದ ಚೀಲದಲ್ಲಿಟ್ಟು ಒಯ್ದೆವು. ಅದಕ್ಕಿಂತ ಮುಖ್ಯವಾದದ್ದು ಪೆನ್‌ಡ್ರೈವ್. ಯಾವ ಕೆಲಸದಲ್ಲಿ ಕಂಪ್ಯೂಟರ್ ತಡವರಿಸುತ್ತದೋ ಅದರದ್ದೇ ಒಂದು ತುಣುಕು ಅದರಲ್ಲಿರಲಿ. ನಮ್ಮದರಲ್ಲಿ ಒಂದು ಪ್ರವೇಶದ ಕುಣಿತ ಇತ್ತು, ಇಪ್ಪತ್ತು ಸೆಕೆಂಡಿನದು.

ಮೊದಲು ಶಿರಸಿಯಲ್ಲೇ ವಿಚಾರಿಸಿದೆವು. ಅಂಗಡಿಯ ಗೋಡೆಯ ತುಂಬ ಬಣ್ಣದ ಡಬ್ಬಗಳು. ಇಂಟೆಲ್‌ನ ಹೊಸ ಪ್ರೊಸೆಸರ್ ಹಿಡಿಸುವ ಬೋರ್ಡಿಗೆ ಬಿ860 ಎಂದು ಹೆಸರು. ಅಳಿಯ ಅದನ್ನು ಬರೆದದ್ದನ್ನು ಕಂಡು ಅತ್ತಲೇ ಹೋದ. "ಅದು ಖಾಲಿ ಡಬ್ಬ ಸರ್, ಒಳಗಿನ ಬೋರ್ಡ್ ಯಾವತ್ತೋ ಹೋಯ್ತು. ನಿಮಗೆ ಬೇಕು ಅಂದ್ರೆ ಹುಬ್ಬಳ್ಳಿಂದ ಎರಡು ದಿನದಲ್ಲಿ ತರಿಸ್ತೆ" ಎಂದರು ಅಂಗಡಿಯವರು. ನಮ್ಮ ಊರುಗಳಲ್ಲಿ ಇದೇ ರೀತಿ. ಶಾಲೆ, ಸೊಸೈಟಿ, ಆಫೀಸಿನವರು ಒಯ್ಯುವ ಎಚ್610 ಎಂಬ ಅಗ್ಗದ ಬೋರ್ಡ್ ಯಾವಾಗಲೂ ಇರುತ್ತದೆ. ಹೊಸತು ಬಂದರೂ ಒಂದೋ ಎರಡೋ. ಆದ್ದರಿಂದ ಹಿಂದಿನ ದಿನವೇ ಫೋನ್ ಮಾಡಿ, "ಇದೆಯಾ" ಎಂದು ಕೇಳದೆ "ಡಬ್ಬದೊಳಗೆ ಬೋರ್ಡ್ ಇದೆಯಾ" ಎಂದೇ ಕೇಳಿ. ಬೇಸರ ಮಾಡಿಕೊಳ್ಳುವವರನ್ನು ನಾನು ಕಂಡಿಲ್ಲ.

ಆ ಎಚ್610 ಬೋರ್ಡನ್ನು ಕೈಗೆ ಕೊಟ್ಟರು. ಅಳಿಯ ತಿರುಗಿಸಿ ನೋಡಿ, "ಮಾವ, ನಾಲ್ಕೂ ಕೂರ್ತಾ?" ಎಂದ. "ಕೂರ್ತಿಲ್ಲೆ" ಎಂದೆ. ಅವನ ಹತ್ತಿರ ಇದ್ದದ್ದು 8 ಜಿಬಿಯ ನಾಲ್ಕು ಕಡ್ಡಿ, ಒಟ್ಟು 32 ಜಿಬಿ. ಎಚ್610ರಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್. ಅಗ್ಗವಾಯಿತೆಂದು ಅದನ್ನು ಕೊಂಡರೆ ಅರ್ಧ ರ‍್ಯಾಮ್ ಮೇಜಿನ ಡ್ರಾವರ್ ಸೇರುತ್ತಿತ್ತು. ಇಂಥದ್ದು ಡಬ್ಬದ ಮೇಲಿನ ಚಿತ್ರಕ್ಕಿಂತ ಬೋರ್ಡನ್ನು ಕೈಯಲ್ಲಿ ಹಿಡಿದಾಗ ಬೇಗ ಹೊಳೆಯುತ್ತದೆ.

ಮರುದಿನ ಶನಿವಾರ ಬೆಳಿಗ್ಗೆ ಘಟ್ಟ ಇಳಿದೆವು. ಶಿರಸಿಯಿಂದ ಕುಮಟಾ ಸುಮಾರು 60 ಕಿಲೋಮೀಟರ್, ಅಲ್ಲಿಂದ ಅಂಕೋಲೆಯ ಮೇಲೆ ಕಾರವಾರಕ್ಕೆ ಇನ್ನೊಂದು 70. ರಸ್ತೆ ಅಗಲ ಮಾಡುವ ಕೆಲಸಕ್ಕಾಗಿ ದೇವಿಮನೆ ಘಟ್ಟವನ್ನು ಆಗಾಗ ಬಂದ್ ಮಾಡಿದ್ದುಂಟು, ಕೇಳಿಕೊಂಡೇ ಹೊರಡಿ. ಬಂದ್ ಇದ್ದರೆ ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಬರಬೇಕು. ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಹೊರಡಬೇಡಿ. ಶಿರೂರಿನಲ್ಲಿ 2024ರ ಜುಲೈನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದ ಜಾಗ ಇದೇ ದಾರಿಯಲ್ಲಿದೆ. ಅಲ್ಲಿ ದಾಟುವಾಗ ನಾವಿಬ್ಬರೂ ಮಾತಾಡಲಿಲ್ಲ. ಭಾನುವಾರವೂ ಬೇಡ. ಅಂದು ಕಾರವಾರದಲ್ಲಿ ಸಂತೆ, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.

ಕಾರವಾರದ ಅಂಗಡಿಯಲ್ಲಿ ನಮ್ಮ ಅರ್ಧ ದಿನ ಕಳೆಯಿತು, ಅದು ಸಾರ್ಥಕವಾಯಿತು. ಯಾರಿಗೋ ಜೋಡಿಸಿಟ್ಟ ಮಷಿನ್ ಮೇಜಿನ ಮೇಲಿತ್ತು, ಬಿ860 ಬೋರ್ಡ್, ಅದರಲ್ಲಿ ಇಂಟೆಲ್‌ನ ಕೋರ್ ಅಲ್ಟ್ರಾ 5 ಪ್ರೊಸೆಸರ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪೆನ್‌ಡ್ರೈವ್ ಕೊಟ್ಟು, ಇದೊಂದನ್ನು ಹಾಕಿ ತೋರಿಸಿ ಎಂದು ಕೇಳಿದೆವು. ಕುಣಿತ ಎಲ್ಲೂ ತಡೆಯದೆ ಓಡಿತು. ಹಿಂದೆ ಮುಂದೆ ಎಳೆದರೂ ನಿಲ್ಲಲಿಲ್ಲ. ಅಳಿಯನ ಮುಖ ನೋಡಬೇಕಿತ್ತು.

ಇದರ ಗುಟ್ಟು ಹೀಗಿದೆ. ಹಲವು ಹೊಸ ಕ್ಯಾಮೆರಾಗಳು ಎಚ್.265 ಎಂಬ ವೀಡಿಯೊ ಕುಗ್ಗಿಸಿಡುವ ವಿಧಾನದಲ್ಲಿ 10 ಬಿಟ್, 4:2:2 ಎನ್ನುವ ಬಗೆಯಲ್ಲಿ ಬಣ್ಣವನ್ನು ಹೆಚ್ಚು ವಿವರವಾಗಿ ಉಳಿಸುತ್ತವೆ. ಅದನ್ನು ಬಿಡಿಸಲು ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ನಲ್ಲಿ ಪ್ರತ್ಯೇಕ ವ್ಯವಸ್ಥೆ ಇದ್ದರೆ ಸಲೀಸು, ಇಲ್ಲದಿದ್ದರೆ ಎಲ್ಲ ಭಾರವೂ ಪ್ರೊಸೆಸರ್‌ನ ಕೋರ್‌ಗಳ ಮೇಲೆಯೇ. ಇಂಟೆಲ್‌ನ 11ನೇ ತಲೆಮಾರಿನಿಂದ ಈಚೆಗೆ ಆ ವ್ಯವಸ್ಥೆ ಇದೆ. ಅಳಿಯನ 9ನೇ ತಲೆಮಾರಿನದರಲ್ಲಿ ಇಲ್ಲ. ಇನ್ನೊಂದು ಕಂಪನಿ ಎಎಂಡಿಯ ರೈಜನ್ 7000, 9000 ಸರಣಿಯ ಒಳಗಿನ ಗ್ರಾಫಿಕ್ಸ್‌ನಲ್ಲೂ 4:2:2ಕ್ಕೆ ಇಲ್ಲ. ಇಂಟೆಲ್ ತೆಗೆದುಕೊಳ್ಳುವುದಾದರೂ ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರ ಇದ್ದದ್ದು ಈ ಕೆಲಸಕ್ಕೆ ಬೇಡ, ಅದರಲ್ಲಿ ಗ್ರಾಫಿಕ್ಸೇ ಇರುವುದಿಲ್ಲ. ಸ್ವಲ್ಪ ಕಡಿಮೆ ಬೆಲೆಗೆ ಸಿಗುವುದು ಅದೇ ಕಾರಣಕ್ಕೆ.

ಕಂಪ್ಯೂಟರ್ ಗೇಮ್ ಆಡುವ ಮಕ್ಕಳ ಮಾತು ಬೇರೆ. ಗ್ರಾಫಿಕ್ಸ್ ಕಾರ್ಡ್ ಹೇಗೂ ಹಾಕುವವರು, ಬೋರ್ಡ್, ರ‍್ಯಾಮ್ ಎಲ್ಲವನ್ನೂ ಹೊಸದಾಗಿ ತೆಗೆದುಕೊಳ್ಳುವವರು ಎಎಂಡಿಯ ಎಎಂ5 ಸಾಕೆಟ್ ಇರುವ ಬೋರ್ಡ್ ನೋಡುವುದು ಒಳ್ಳೆಯದು. 2022ರಲ್ಲಿ ಬಂದ ಆ ಸಾಕೆಟ್‌ಗೆ 2027ರವರೆಗೂ, ಅದರಾಚೆಗೂ ಹೊಸ ಪ್ರೊಸೆಸರ್ ಕೊಡುತ್ತೇವೆಂದು ಕಂಪನಿಯೇ ಹೇಳಿದೆ. 2025ರ ಜನವರಿಯಲ್ಲಿ ಬಂದ ಬಿ850 ಬೋರ್ಡ್ ಆ ಅಂಗಡಿಯಲ್ಲಿ ಒಂದಿತ್ತು, ಕೈಯಲ್ಲಿ ಹಿಡಿದರೆ ತೂಕವೇ ಬೇರೆ.

ರ‍್ಯಾಮ್ ಬೆಲೆ ಕೇಳಿದಾಗ ಮಾತ್ರ ಎದೆ ಧಸಕ್ಕೆಂದಿತು. "ಇವತ್ತಿನ ರೇಟ್ ಇವತ್ತಿಗೇ ಸರ್, ನಾಳೆ ಬಂದ್ರೆ ನಾಳೆದು ಹೇಳ್ಬೇಕಾಗ್ತದೆ" ಎಂದರು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿದ್ದುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ವಿಪರೀತ ಏರಿತ್ತು. ಕೋರ್ ಅಲ್ಟ್ರಾ 200 ಸರಣಿಗೂ ಎಎಂ5ಗೂ ಡಿಡಿಆರ್5 ಎಂಬ ಹೊಸ ಬಗೆಯ ರ‍್ಯಾಮ್ ಕಡ್ಡಾಯ. ನಾವು ಒಯ್ದಿದ್ದ ಕಡ್ಡಿಯನ್ನು ಅಂಗಡಿಯವರು ಒಂದು ಡಿಡಿಆರ್5 ಕಡ್ಡಿಯ ಪಕ್ಕ ಗಾಜಿನ ಮೇಲೆ ಇಟ್ಟು ತೋರಿಸಿದರು. ಎರಡರಲ್ಲೂ 288 ಪಿನ್, ಉದ್ದವೂ ಒಂದೇ, ಆದರೆ ಕೆಳಗಿನ ಕಚ್ಚು ಇರುವ ಜಾಗ ಬೇರೆ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿಯುತ್ತದೆ. ಎಂದರೆ ನಮ್ಮ 32 ಜಿಬಿ ಅಲ್ಲಿ ಏನೂ ಉಪಯೋಗವಿಲ್ಲ.

ಆಗ ಅವರೇ ದಾರಿ ಹೇಳಿದರು. ಬಿ760 ಬೋರ್ಡ್‌ಗಳಲ್ಲಿ ಡಿಡಿಆರ್4 ಹಿಡಿಸುವಂಥವು ಈಗಲೂ ಬರುತ್ತವೆ, ನಾಲ್ಕು ಸ್ಲಾಟ್ ಇರುವುದನ್ನು ನೋಡಿಕೊಳ್ಳಿ, ಅದಕ್ಕೆ ಇಂಟೆಲ್‌ನ 14ನೇ ತಲೆಮಾರಿನ ಕೋರ್ ಐ5 14500 ಪ್ರೊಸೆಸರ್ ಹಾಕಿ ಎಂದರು. 14400ಕ್ಕಿಂತ ಅದೇ ಯಾಕೆ ಎಂದು ಕೇಳಿದೆ. ವೀಡಿಯೊ ಬಿಡಿಸುವ ಘಟಕ 14400ರ ಗ್ರಾಫಿಕ್ಸ್‌ನಲ್ಲಿ ಒಂದು, 14500ರದ್ದರಲ್ಲಿ ಎರಡು. ತಮ್ಮಲ್ಲಿ ಆ ಬೋರ್ಡ್ ಇಲ್ಲದಿದ್ದರೂ, ದೊಡ್ಡ ವ್ಯಾಪಾರ ತಪ್ಪಿದರೂ ಇಷ್ಟು ಹೇಳಿಕೊಟ್ಟರು. ಇಂಥ ಅಂಗಡಿಯವರು ನಮ್ಮ ಜಿಲ್ಲೆಯಲ್ಲಿ ಉಳಿಯಬೇಕು. ಎಸ್‌ಎಸ್‌ಡಿ ಒಂದನ್ನು ಅಲ್ಲೇ ಕೊಂಡೆವು.

13, 14ನೇ ತಲೆಮಾರಿನ ಪ್ರೊಸೆಸರ್ ಹಾಳಾಗುತ್ತದಂತೆ ಎಂಬ ಮಾತು ನೀವೂ ಕೇಳಿರಬಹುದು. ಸುಳ್ಳಲ್ಲ. ವೋಲ್ಟೇಜ್ ಅತಿಯಾಗಿ ಹೋಗಿ ಕೆಲವು ಕೆಡುತ್ತಿದ್ದವು. 2024ರಲ್ಲಿ ಇಂಟೆಲ್ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳು) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆ ಪಟ್ಟಿಯಲ್ಲಿ ಇದ್ದದ್ದು ಐ5 13600ಕೆ, 14600ಕೆ ಮತ್ತು ಅವಕ್ಕಿಂತ ಮೇಲಿನವು. 14500 ಅದರಲ್ಲಿಲ್ಲ. ಆದರೂ ಬಯಾಸ್, ಅಂದರೆ ಬೋರ್ಡನ್ನು ಚಾಲೂ ಮಾಡಲು ಅದರೊಳಗೇ ಇರುವ ಸಾಫ್ಟ್‌ವೇರ್, ಹೊಸದಕ್ಕೆ ಏರಿಸಿಯೇ ಬಳಸಿ. ಬಿ760 ಬೋರ್ಡ್ ಬಂದದ್ದು 2023ರ ಜನವರಿಯಲ್ಲಿ, 14ನೇ ತಲೆಮಾರು ಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಹಳೆಯ ಸ್ಟಾಕ್ ಆಗಿದ್ದರೆ ಬಯಾಸ್ ಏರಿಸದೆ ಪರದೆಯ ಮೇಲೆ ಏನೂ ಬಾರದಿರಬಹುದು. ಆ ಕೆಲಸವನ್ನು ಅಂಗಡಿಯಲ್ಲೇ ಮಾಡಿಸಿಕೊಳ್ಳಿ.

ಕರಾವಳಿಯಲ್ಲಿ ಮಧ್ಯಾಹ್ನ ಹಲವು ಅಂಗಡಿಗಳು ಬಾಗಿಲು ಹಾಕಿ ಊಟಕ್ಕೆ ಹೋಗುತ್ತವೆ. ಆ ಹೊತ್ತನ್ನು ನಾವು ಟ್ಯಾಗೋರ್ ಕಡಲತೀರದಲ್ಲಿ ಕಳೆದೆವು.

ಬೇಕಾದ ಬೋರ್ಡ್ ಸಿಕ್ಕಿದ್ದು ವಾಪಸು ಬರುವಾಗ ಕುಮಟಾದಲ್ಲಿ. ಕಪಾಟಿನ ಕೆಳಗಿನ ಸಾಲಿನಲ್ಲಿ ಧೂಳು ಹಿಡಿದ ಒಂದೇ ಡಬ್ಬ. ಸೀಲ್ ಸರಿಯಿತ್ತು. ಬಿಚ್ಚಿ ಕಪ್ಪು ಮುಚ್ಚಳ ಎತ್ತಿ ತೋರಿಸಿ ಎಂದು ಕೇಳಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದೆ. 1700 ಪಿನ್, ಹದವಾಗಿ ನಟ್ಟಿ ಮಾಡಿದ ಗದ್ದೆಯ ಸಸಿಗಳ ಹಾಗೆ ಸಾಲುಸಾಲು. ಒಂದು ವಾಲಿದ್ದರೂ ಆ ಜಾಗದಲ್ಲಿ ಬೆಳಕು ಬೇರೆ ರೀತಿ ಬೀಳುತ್ತದೆ, ಸಾಲು ಕೆಟ್ಟದ್ದು ಕಾಣುತ್ತದೆ. ನಾಲ್ಕೂ ಕಡೆಯಿಂದ ನೋಡಿದೆ, ಅಳಿಯನೂ ನೋಡಿದ. ಒಂದೂ ವಾಲಿರಲಿಲ್ಲ. ಟಾರ್ಚ್ ಮೇಲಿನಿಂದ ನೆಟ್ಟಗೆ ಬಿಟ್ಟರೆ ಎಲ್ಲ ಹೊಳೆಯುತ್ತದೆ, ಏನೂ ಗೊತ್ತಾಗುವುದಿಲ್ಲ. ಬೆರಳು ಮಾತ್ರ ತಾಗಿಸಬೇಡಿ.

ಪ್ರೊಸೆಸರನ್ನು ಶಿರಸಿಯ ಅಂಗಡಿಯವರೇ ಹುಬ್ಬಳ್ಳಿಯಿಂದ ತರಿಸಿಕೊಟ್ಟರು. ಡಬ್ಬದ್ದೇ ಬೇಕು ಎಂದು ಮೊದಲೇ ಹೇಳಿದ್ದೆ. 'ಟ್ರೇ' ಎಂದು ಬಿಡಿಯಾಗಿ ಸಿಗುವುದು ಅಗ್ಗ, ಆದರೆ ಅದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಇರುವುದಿಲ್ಲ, ಜೊತೆಗೆ ಫ್ಯಾನೂ ಬರುವುದಿಲ್ಲ. ಬಿಲ್ ಬೇಡ ಎಂದರೆ ಕಡಿಮೆ ಮಾಡುತ್ತೇನೆ ಎನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. 18 ಶೇಕಡಾ ಜಿಎಸ್‌ಟಿ ಉಳಿಸಲು ಹೋಗಿ ವಾರಂಟಿ ಕಳೆದುಕೊಳ್ಳಬೇಡಿ. ಬಿಲ್‌ನಲ್ಲಿ ಬೋರ್ಡಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಕಡಲ ಬದಿಯವರಿಗೆ ಇನ್ನೊಂದು ಮಾತು. ಕಾರವಾರದ ಅಂಗಡಿಯಲ್ಲಿ ರಿಪೇರಿಗೆ ಬಂದ ಬೋರ್ಡ್ ಒಂದಿತ್ತು. ಹಿಂದಿನ ಪೋರ್ಟ್‌ಗಳ ಲೋಹಕ್ಕೆ ಹಸಿರು ಕಿಲುಬು ಹಿಡಿದಿತ್ತು, ಉಪ್ಪು ಗಾಳಿಯ ಕೆಲಸ. ಕಿಟಕಿಯ ಪಕ್ಕ ಕಂಪ್ಯೂಟರ್ ಇಡಬೇಡಿ. ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ, ದಿನಕ್ಕೆ ಸ್ವಲ್ಪ ಹೊತ್ತು ಚಾಲೂ ಇಟ್ಟರೆ ಒಳಗೆ ತೇವ ಕೂರುವುದಿಲ್ಲ. ಘಟ್ಟದ ಮೇಲಿನ ನಮಗೆ ಕರೆಂಟಿನ ಕಾಟ. ಯುಪಿಎಸ್ ಇಲ್ಲದೆ ಹೊಸ ಬೋರ್ಡ್ ಹಾಕಬೇಡಿ. ಗುಡುಗು ಶುರುವಾದರೆ ಪ್ಲಗ್ಗನ್ನೇ ಕಿತ್ತಿಡಿ, ಇಂಟರ್‌ನೆಟ್ ಕೇಬಲ್ ಸಹಿತ.

ಜೋಡಿಸಲು ಒಂದು ಸಂಜೆ ಹಿಡಿಯಿತು. ನಾಲ್ಕು ಕಡ್ಡಿಯೂ ಕೂತವು, ಹಳೆಯ ಎಸ್‌ಎಂಪಿಎಸ್ ಸಾಕಾಯಿತು. 14500 ಎಷ್ಟೇ ಜೋರಾಗಿ ಓಡಿದರೂ 154 ವಾಟ್, ನಮ್ಮದು 450ರದ್ದು. ಕುಣಿತದ ತುಣುಕು ಹಾಕಿದಾಗ ತಂಗಿ ಅಡುಗೆಮನೆಯಿಂದ ಬಂದು ನಿಂತು ಪೂರ್ತಿ ನೋಡಿದಳು. ಸಾಕೆಟ್‌ನ ಕಪ್ಪು ಮುಚ್ಚಳ ಪ್ರೊಸೆಸರ್ ಕೂರಿಸಿ ಲಿವರ್ ಒತ್ತುವಾಗ ತಾನಾಗಿ ಹಾರಿ ಬರುತ್ತದೆ, ಅದನ್ನು ಎಸೆಯಬೇಡಿ. ವಾರಂಟಿಗೆ ಬೋರ್ಡ್ ಕಳಿಸುವಾಗ ಅದು ಇಲ್ಲದಿದ್ದರೆ ತಕರಾರು ಬರುತ್ತದೆ. ನಮ್ಮದನ್ನು ಡಬ್ಬದಲ್ಲೇ ಹಾಕಿ, ಬಿಲ್ಲನ್ನೂ ಅದರೊಳಗಿಟ್ಟು ಅಟ್ಟದ ಮೇಲೆ ಇಟ್ಟಿದ್ದೇವೆ. ಬಿಲ್ಲಿನ ಫೋಟೊ ಮೂವರ ಫೋನಿನಲ್ಲೂ ಇದೆ, ಆ ನುಣುಪು ಕಾಗದದ ಅಕ್ಷರ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಾಸಿಬಿಡುತ್ತದೆ.