63 ಅಂಕಕ್ಕೆ ಸಿಕ್ಕ ಚಾಂಪಿಯನ್ ಪಟ್ಟ

ಡೆನ್ಮಾರ್ಕಿನ ಮೇಲಿನ ದರ್ಜೆಯ ಫುಟ್‌ಬಾಲ್ ಲೀಗಾದ ಡ್ಯಾನಿಶ್ ಸೂಪರ್‌ಲೀಗಾದ 2023-24ರ ಋತು ಮುಗಿದಾಗ ಪಟ್ಟಿಯ ತಲೆಯಲ್ಲಿ ಎರಡು ಸಾಲು ಹೀಗಿದ್ದವು: ಎಫ್‌ಸಿ ಮಿಡ್ಟ್ಯೂಲ್ಯಾಂಡ್ 63, ಬ್ರೊಂಡ್ಬಿ 62. ಆಡಿದ್ದು 32 ಪಂದ್ಯ. ಅಂದರೆ ಚಾಂಪಿಯನ್ ತಂಡಕ್ಕೂ ಪಂದ್ಯಕ್ಕೆ ಎರಡು ಅಂಕದ ಸರಾಸರಿ ದಕ್ಕಲಿಲ್ಲ. ದೊಡ್ಡ ದೇಶಗಳ ಲೀಗುಗಳಲ್ಲಿ ಇಂಥ ಸರಾಸರಿ ಇಟ್ಟುಕೊಂಡವರು ಮೂರನೆಯದಕ್ಕೋ ನಾಲ್ಕನೆಯದಕ್ಕೋ ಸಮಾಧಾನಪಡುತ್ತಾರೆ. ಇಲ್ಲಿ ಇದು ಹೊಸದೇನಲ್ಲ. ಅದರ ಹಿಂದಿನ ವರ್ಷ ಎಫ್‌ಸಿ ಕೋಪನ್‌ಹೇಗನ್ ಗೆದ್ದಿದ್ದು ಬರೀ 59 ಅಂಕಕ್ಕೆ.

ಹೀಗೇಕೆ ಅಂತ ಕೇಳುವವರಿಗೆ ಈ ಲೀಗಿನ ಏರ್ಪಾಡನ್ನು ಸ್ವಲ್ಪ ಹೇಳಬೇಕು. ಒಟ್ಟು 12 ತಂಡ. ಜುಲೈಯಲ್ಲಿ ಶುರುವಾಗಿ ಎಲ್ಲರೂ ಎಲ್ಲರೊಡನೆ ಎರಡೆರಡು ಸಲ ಆಡುತ್ತಾರೆ, 22 ಸುತ್ತು. ನಡುವೆ ಡಿಸೆಂಬರಿನ ಮೊದಲ ದಿನಗಳಿಂದ ಫೆಬ್ರವರಿ ಮಧ್ಯದವರೆಗೆ ಚಳಿಗಾಲದ ರಜೆ. ಮಾರ್ಚಿನಲ್ಲಿ ಪಟ್ಟಿಯನ್ನು ನಡುವಿಗೆ ಕತ್ತರಿಸಿ, ಮೇಲಿನ ಆರು ತಂಡ ಒಂದು ಗುಂಪು, ಕೆಳಗಿನ ಆರು ಇನ್ನೊಂದು ಗುಂಪು ಮಾಡುತ್ತಾರೆ. ಗಳಿಸಿದ ಅಂಕ ಹಾಗೇ ಜೊತೆಗೆ ಬರುತ್ತದೆ. ಆಮೇಲೆ ಗುಂಪಿನೊಳಗೇ ಮತ್ತೆ ಹತ್ತು ಪಂದ್ಯ. ಹಾಗಾಗಿ ವಸಂತದ ಎರಡು ತಿಂಗಳು ಮೇಲಿನವರು ಮೇಲಿನವರನ್ನೇ ಹೊಡೆದುಕೊಳ್ಳುತ್ತಿರುತ್ತಾರೆ. ಸುಲಭದ ಅಂಕ ಅನ್ನುವುದು ಯಾರಿಗೂ ಇಲ್ಲ. ಏಪ್ರಿಲ್‌ನಲ್ಲಿ ಒಂದು ತಂಡ ಓಡಿಹೋಗುತ್ತಿದೆ ಅನ್ನಿಸಿದರೆ ಎರಡು ವಾರ ತಡೆಯಿರಿ, ಇನ್ನೊಂದು ತಂಡ ಅದರ ಕಾಲು ಹಿಡಿದು ಎಳೆದಿರುತ್ತದೆ. ಆ ವಸಂತದಲ್ಲಂತೂ ಬ್ರೊಂಡ್ಬಿ, ಮಿಡ್ಟ್ಯೂಲ್ಯಾಂಡ್, ಕೋಪನ್‌ಹೇಗನ್ ಮೂರೂ ಸರದಿಯಲ್ಲಿ ಕಿರೀಟವನ್ನು 'ನೀವು ತಗೊಳ್ಳಿ, ನೀವು ತಗೊಳ್ಳಿ' ಅಂತ ಉಪಚಾರ ಮಾಡುತ್ತಿದ್ದ ಹಾಗಿತ್ತು.

ನಾನಿರುವುದು ಗ್ಲೊಸ್ಟ್ರುಪ್‌ನಲ್ಲಿ, ಕೋಪನ್‌ಹೇಗನ್‌ನ ಪಶ್ಚಿಮಕ್ಕೆ. ಬ್ರೊಂಡ್ಬಿ ಸ್ಟೇಡಿಯಂ ಮನೆಯಿಂದ ನಡೆದು ಹೋಗುವಷ್ಟು ದೂರ. ನಾನು ಆರಿಸಿಕೊಂಡ ಕ್ಲಬ್ ಅಲ್ಲ ಅದು. ವಿಳಾಸದ ಜೊತೆಗೆ ಬಂದದ್ದು. ಮಗ ಇಲ್ಲಿನ ಮಕ್ಕಳ ತಂಡದಲ್ಲಿ ಆಡಲು ಶುರುಮಾಡಿದ ಮೇಲೆ ಮನೆಯಲ್ಲಿ ಹಳದಿ-ನೀಲಿ ಬಿಟ್ಟು ಬೇರೆ ಬಣ್ಣದ ಮಾತೇ ಇಲ್ಲ. ಕೆಲಸ ಮಾತ್ರ ಓಸ್ಟರ್‌ಬ್ರೋದಲ್ಲಿ, ಪಾರ್ಕನ್ ಸ್ಟೇಡಿಯಂನ ಹತ್ತಿರ, ಅಂದರೆ ನೇರ ಎದುರಾಳಿಯ ಅಂಗಳದಲ್ಲಿ. ಕಚೇರಿಯಲ್ಲಿ ಮುಕ್ಕಾಲು ಪಾಲು ಜನ ಎಫ್‌ಸಿಕೆ, ಅಂದರೆ ಎಫ್‌ಸಿ ಕೋಪನ್‌ಹೇಗನ್ ಕಡೆಯವರು.

ನಾನು ದಿನಾ ಹತ್ತುವ ರೈಲು ಬಿ ಲೈನ್. ಈ ಲೈನನ್ನು ನೋಡಿದರೆ ಡ್ಯಾನಿಶ್ ಫುಟ್‌ಬಾಲಿನ ಒಂದು ಪಾರ್ಶ್ವ ಅರ್ಥವಾಗುತ್ತದೆ. ಗ್ಲೊಸ್ಟ್ರುಪ್ ದಾಟಿದರೆ ಬ್ರೊಂಡ್ಬಿಓಸ್ಟರ್, ಪಂದ್ಯದ ದಿನ ಇಡೀ ಬೋಗಿ ಖಾಲಿಯಾಗುವುದು ಅಲ್ಲೇ. ಇನ್ನೆರಡು ಸ್ಟೇಷನ್ ಆದರೆ ವಿಡೋವ್ರೆ, ಆ ವರ್ಷ ಮೇಲಿನ ದರ್ಜೆಗೆ ಏರಿ ಬಂದಿದ್ದ ಪುಟ್ಟ ಕ್ಲಬ್ಬಿನ ಊರು. ಆಮೇಲೆ ನಗರದೊಳಗೆ ಹಾಯ್ದು, ಉತ್ತರಕ್ಕೆ ತಿರುಗಿ, ಕೊನೆಗೆ ನಿಲ್ಲುವುದು ಫಾರುಮ್‌ನಲ್ಲಿ. ಅದು ಎಫ್‌ಸಿ ನೋರ್ಡ್ಶೆಲ್ಯಾಂಡ್‌ನ ಮನೆ. ಒಂದೇ ಲೈನಿನ ಮೇಲೆ, ನಡುವೆ ಬರುವ ಕೋಪನ್‌ಹೇಗನ್ ಸೇರಿಸಿದರೆ, ಆ ವರ್ಷದ ಹನ್ನೆರಡರಲ್ಲಿ ನಾಲ್ಕು ತಂಡ. ಒಂದೇ ಬೋಗಿಯಲ್ಲಿ ಎರಡು ಬಣ್ಣದ ಸ್ಕಾರ್ಫ್ ಸೇರಿದ ಸಂಜೆಗಳಲ್ಲಿ ನಾನು ಮಗನ ಕೈ ಹಿಡಿದು ಮುಂದಿನ ಬೋಗಿಗೆ ಹೋಗಿಬಿಡುತ್ತೇನೆ. ಡೇನರು ಸಾಮಾನ್ಯವಾಗಿ ತಣ್ಣಗಿನ ಜನ. ಬ್ರೊಂಡ್ಬಿ-ಕೋಪನ್‌ಹೇಗನ್ ಪಂದ್ಯದ ದಿನ ಆ ಮಾತಿಗೆ ರಜೆ.

ಶರತ್ಕಾಲವೆಲ್ಲ ಎಫ್‌ಸಿಕೆಯದೇ ಸುದ್ದಿ. ಆದರೆ ಲೀಗಿನಿಂದಾಗಿ ಅಲ್ಲ. ಯುರೋಪಿನ ದೊಡ್ಡ ಕ್ಲಬ್ಬುಗಳು ಆಡುವ ಚಾಂಪಿಯನ್ಸ್ ಲೀಗಿನಲ್ಲಿ ಅವರ ಗುಂಪಿಗೆ ಬಿದ್ದದ್ದು ಬಾಯರ್ನ್ ಮ್ಯೂನಿಕ್, ಮ್ಯಾಂಚೆಸ್ಟರ್ ಯುನೈಟೆಡ್, ಗಲತಾಸರಾಯ್. ಕಚೇರಿಯಲ್ಲಿ ಎಲ್ಲರೂ ನಾಲ್ಕನೆಯ ಸ್ಥಾನವನ್ನು ಮೊದಲೇ ಒಪ್ಪಿಕೊಂಡಿದ್ದರು. ನವೆಂಬರ್ 8ರ ರಾತ್ರಿ ಪಾರ್ಕನ್‌ನಲ್ಲಿ ಯುನೈಟೆಡ್ ಅರ್ಧ ಗಂಟೆಯೊಳಗೆ 2-0 ಮುಂದೆ. ಎರಡೂ ಗೋಲು ರಾಸ್ಮುಸ್ ಹೋಯ್ಲುಂಡ್‌ದು. ಎಫ್‌ಸಿಕೆಯಲ್ಲೇ ಬೆಳೆದ ಹುಡುಗ. ಅವನ ಅವಳಿ ತಮ್ಮಂದಿರು ಆಗಲೂ ಆ ಕ್ಲಬ್ಬಿನಲ್ಲೇ ಇದ್ದರು. ಆಮೇಲೆ ಯುನೈಟೆಡ್‌ನ ರ‍್ಯಾಶ್‌ಫರ್ಡ್‌ಗೆ ಕೆಂಪು ಕಾರ್ಡ್. ವಿರಾಮದ ಹೊತ್ತಿಗೆ 2-2. ಮತ್ತೆ ಯುನೈಟೆಡ್ 3-2. ಎಫ್‌ಸಿಕೆಯ ಲೆರಾಗರ್ 3-3 ಮಾಡಿದ. 87ನೇ ನಿಮಿಷಕ್ಕೆ ಹದಿನೇಳು ವರ್ಷದ ರೂನಿ ಬಾರ್ಡಗ್ಜಿ ನಾಲ್ಕನೆಯದನ್ನು ಹೊಡೆದ. ಮರುದಿನ ಕಚೇರಿಯಲ್ಲಿ ಕೆಲಸ ಆಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡಿಸೆಂಬರಿನಲ್ಲಿ ಗಲತಾಸರಾಯ್‌ಯನ್ನು 1-0 ಸೋಲಿಸಿ ಅವರು ಗುಂಪಿನಲ್ಲಿ ಎರಡನೆಯವರಾಗಿ ಮುಂದೆ ಹೋದರು.

ಅದರ ಬೆಲೆ ಲೀಗಿನಲ್ಲಿ ತೆತ್ತರು ಅಂತ ನನ್ನ ಅಭಿಪ್ರಾಯ. ಚಳಿಗಾಲದ ರಜೆ ಮುಗಿದ ಕೂಡಲೇ, ಲೀಗ್ ಮತ್ತೆ ಶುರುವಾಗುವುದಕ್ಕೂ ಮೊದಲು, ಫೆಬ್ರವರಿ 13ಕ್ಕೆ ಮ್ಯಾಂಚೆಸ್ಟರ್ ಸಿಟಿ ಎದುರು ನಿಂತಿತ್ತು. ಎರಡು ತಿಂಗಳು ನಿಜವಾದ ಪಂದ್ಯವೇ ಆಡದ ತಂಡಕ್ಕೆ ಮೊದಲ ಎದುರಾಳಿ ಆ ಹೊತ್ತಿನ ಯುರೋಪಿನ ಚಾಂಪಿಯನ್! ಇಲ್ಲಿ 3-1 ಸೋಲು, ಮ್ಯಾಂಚೆಸ್ಟರ್‌ನಲ್ಲೂ 3-1. ಸೋತದ್ದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಮೂರು ವಾರದ ಗಮನವೆಲ್ಲ ಅತ್ತ ಹೋಯಿತು, ಇತ್ತ ಸಣ್ಣ ಊರಿನ ತಂಡಗಳ ಎದುರು ಅಂಕ ಚೆಲ್ಲಿದರು. ಕೊನೆಗೆ 59 ಅಂಕ, ಮೂರನೆಯ ಸ್ಥಾನ. ಮುಂದಿನ ಋತುವಿನ ಯುರೋಪಿಯನ್ ಟೂರ್ನಿಗೆ ಹೋಗಲು ರಾಂಡರ್ಸ್ ಜೊತೆ ಪ್ಲೇ-ಆಫ್ ಆಡಬೇಕಾಯಿತು, ಅದನ್ನು ಗೆದ್ದರು. ನವೆಂಬರಿನಲ್ಲಿ ಮೇಜಿನ ಮೇಲೆ ಹತ್ತಿ ಹಾಡಿದ್ದ ನನ್ನ ಸಹೋದ್ಯೋಗಿ ಆ ಪ್ಲೇ-ಆಫ್ ಬಗ್ಗೆ ಮಾತೇ ಎತ್ತಲಿಲ್ಲ.

ಮಿಡ್ಟ್ಯೂಲ್ಯಾಂಡ್ ಬೇರೆಯದೇ ಥರದ ಕ್ಲಬ್. ಇಕಾಸ್ಟ್ ಮತ್ತು ಹೆರ್ನಿಂಗ್ ಎಂಬ ನೆರೆಯ ಊರುಗಳ ಎರಡು ಕ್ಲಬ್ ಸೇರಿ 1999ರಲ್ಲಿ ಹುಟ್ಟಿದ್ದು. ರಾಜಧಾನಿಯ ಜನಕ್ಕೆ ಅದಿರುವುದು ಬಟ್ಟೆ ಕಾರ್ಖಾನೆಗಳ, ಗಾಳಿ ಹೊಡೆಯುವ ಬಯಲಿನ ನಾಡು. 2014ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಬೆನ್‌ಹ್ಯಾಮ್ ಒಡೆಯರಾಗಿ ಬಂದ ಮೇಲೆ ಅಂಕಿಅಂಶ ನೋಡಿ ಆಟಗಾರರನ್ನು ಕೊಳ್ಳುವುದು, ಕಾರ್ನರ್, ಫ್ರೀ ಕಿಕ್, ಉದ್ದನೆಯ ಥ್ರೋ-ಇನ್‌ಗೆ ಪ್ರತ್ಯೇಕ ತಾಲೀಮು ಮಾಡುವುದು ಎಲ್ಲ ಶುರುವಾಗಿ, 2015ರಲ್ಲಿ ಮೊದಲ ಸಲ ಚಾಂಪಿಯನ್ ಆದರು. ಆಗ ನಕ್ಕವರೆಲ್ಲ ಈಗ ತಾವೂ ಥ್ರೋ-ಇನ್ ಅಭ್ಯಾಸ ಮಾಡಿಸುತ್ತಿದ್ದಾರೆ. 2023ರಲ್ಲಿ ಬೆನ್‌ಹ್ಯಾಮ್ ಪಾಲನ್ನು ಆಂಡರ್ಸ್ ಹೋಲ್ಕ್ ಪೋವ್ಲ್‌ಸನ್ ಕೊಂಡರು. ಹತ್ತಿರದ ಬ್ರಾಂಡೆಯಲ್ಲಿ ಕೇಂದ್ರ ಕಚೇರಿ ಇರುವ ಬೆಸ್ಟ್‌ಸೆಲ್ಲರ್ ಬಟ್ಟೆ ಕಂಪನಿಯ ಒಡೆಯರು. ದುಡ್ಡು ಇತ್ತು ಅನ್ನುವುದು ನಿಜ. ಆದರೆ ಅದರ ಹಿಂದಿನ ಋತುವಿನಲ್ಲಿ ಇದೇ ತಂಡ ಕೆಳಗಿನ ಆರರ ಗುಂಪಿನಲ್ಲಿತ್ತು ಅನ್ನುವುದೂ ನಿಜ. ಕೋಚ್ ಥಾಮಸ್ ಥಾಮಸ್‌ಬರ್ಗ್ ಅದನ್ನು ಎತ್ತಿ ನಿಲ್ಲಿಸಿದ ರೀತಿಯನ್ನು ಬ್ರೊಂಡ್ಬಿ ಕಡೆಯವನಾದ ನಾನೂ ಒಪ್ಪಬೇಕು. ಕೊರಿಯಾದ ಚೋ ಗುಯೆ-ಸುಂಗ್‌ನನ್ನು ಮುಂದೆ ನಿಲ್ಲಿಸಿ ಅವನ ತಲೆಗೆ ಚೆಂಡು ಹಾಕುತ್ತಿದ್ದರು. ನೋಡಲು ಚೆಂದವಿರಲಿಲ್ಲ. ಕೆಲಸ ಆಗುತ್ತಿತ್ತು.

ಕೆಳಗಿನ ಗುಂಪಿನ ಕಥೆ ನಾಲ್ಕು ಸಾಲಿನಲ್ಲಿ ಮುಗಿಸುತ್ತೇನೆ. ವಿಡೋವ್ರೆ ಬಂದ ವರ್ಷವೇ ವಾಪಸ್ ಹೋಯಿತು. ಪೀಟರ್ ಶ್ಮೈಕಲ್ ಬ್ರೊಂಡ್ಬಿಗೆ ಬರುವ ಮೊದಲು ಗೋಲು ಕಾಯುತ್ತಿದ್ದ ಕ್ಲಬ್ ಅದು, ನಮ್ಮ ಪಕ್ಕದ ಮನೆಯವರಿದ್ದ ಹಾಗೆ, ಬೇಸರವಾಯಿತು. ಆದರೆ ದೇಶ ಬೆಚ್ಚಿದ್ದು ಓಡೆನ್ಸೆಯ ಓಬಿ ಇಳಿದದ್ದಕ್ಕೆ. ಕಾಲು ಶತಮಾನ ಮೇಲಿನ ದರ್ಜೆಯಲ್ಲಿ ಬೇರು ಬಿಟ್ಟಿದ್ದ ದೊಡ್ಡ ಊರಿನ ಕ್ಲಬ್ ಕಣ್ಣೆದುರೇ ಜಾರಿಹೋಯಿತು. ಒಂದೇ ವರ್ಷದಲ್ಲಿ ಮತ್ತೆ ಏರಿ ಬಂದರು.

ಈಗ 2024ರ ಮೇ 26, ಭಾನುವಾರ. ಕೊನೆಯ ಸುತ್ತಿಗೆ ಮುಂಚೆ ಬ್ರೊಂಡ್ಬಿಗೂ ಮಿಡ್ಟ್ಯೂಲ್ಯಾಂಡ್‌ಗೂ 62-62. ಗೋಲ್ ವ್ಯತ್ಯಾಸದಲ್ಲಿ, ಅಂದರೆ ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದ ಲೆಕ್ಕದಲ್ಲಿ, ಬ್ರೊಂಡ್ಬಿ ಮೇಲೆ. ಇಬ್ಬರಿಗೂ ಕೊನೆಯ ಪಂದ್ಯ ಸ್ವಂತ ಮೈದಾನದಲ್ಲಿ: ಹೆರ್ನಿಂಗ್‌ಗೆ ಸಿಲ್ಕೆಬೋರ್ಗ್ ಬರಬೇಕು, ನಮ್ಮಲ್ಲಿಗೆ ಆರ್ಹುಸ್‌ನ ಎಜಿಎಫ್. ಗುಂಪಿನ ಐದನೆಯ ಮತ್ತು ಆರನೆಯ ತಂಡ ಇವು, ನಾಲ್ಕನೆಯವರಿಗಿಂತ ಬಹಳ ಕೆಳಗೆ ಉಳಿದವರು. ಹದಿನೇಳು ದಿನದ ಹಿಂದೆ ಇವೇ ಎರಡು ತಂಡ ಡ್ಯಾನಿಶ್ ಕಪ್ಪಿನ ಫೈನಲ್ ಆಡಿ, ಸಿಲ್ಕೆಬೋರ್ಗ್ 1-0 ಗೆದ್ದಿತ್ತು. ಸಿಲ್ಕೆಬೋರ್ಗ್‌ಗೆ ಯುರೋಪಿನ ಟಿಕೆಟ್ ಜೇಬಿನಲ್ಲಿತ್ತು. ಎಜಿಎಫ್‌ಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಇಂಥ ತಂಡಗಳು ಸುಮ್ಮನೆ ಬಂದು ಸೋತು ಹೋಗುತ್ತವೆ ಅಂತ ಗ್ಲೊಸ್ಟ್ರುಪ್ ಪೂರ್ತಿ ನಂಬಿತ್ತು.

ಟಿಕೆಟ್ ಸಿಗಲಿಲ್ಲ. ಮಗನ ಕ್ಲಬ್‌ಹೌಸಿನಲ್ಲಿ ದೊಡ್ಡ ಪರದೆ ಕಟ್ಟಿದ್ದರು, ಅಲ್ಲಿಗೆ ಹೋದೆವು. ಹೋಗುವ ದಾರಿಯಲ್ಲಿ ರಿಂಗ್ 3 ರಸ್ತೆ ಲೈಟ್ ರೈಲಿಗಾಗಿ ಇನ್ನೂ ಅಗೆದೇ ಬಿದ್ದಿತ್ತು. ತಡೆಗೋಡೆಗಳಿಗೆಲ್ಲ ಯಾರೋ ಹಳದಿ ರಿಬ್ಬನ್ ಕಟ್ಟಿದ್ದರು. ಒಳಗೆ ಕಾಫಿ, ಹಾಟ್‌ಡಾಗ್, ಬಿಯರ್. ಮಕ್ಕಳ ತಂಡಗಳಿಗೆ ವರ್ಷಗಟ್ಟಲೆ ಸಂಬಳವಿಲ್ಲದೆ ತರಬೇತಿ ಕೊಟ್ಟ ಹಿರಿಯರೊಬ್ಬರು ಮುಂದಿನ ಕುರ್ಚಿ ಹಿಡಿದಿದ್ದರು. 1985ರ ಮೊದಲ ಚಾಂಪಿಯನ್ ಪಟ್ಟದಿಂದ ಹಿಡಿದು 2021ರ ಹನ್ನೊಂದನೆಯದರವರೆಗೆ ಎಲ್ಲ ಕಂಡವರು. ಆ 2021ರದ್ದೂ ಒಂದೇ ಅಂಕದ ಅಂತರ, ಎದುರಿಗಿದ್ದವರೂ ಇದೇ ಮಿಡ್ಟ್ಯೂಲ್ಯಾಂಡ್: 61-60. ಹದಿನಾರು ವರ್ಷದ ಬರ ಮುಗಿದ ಆ ಮೇ ತಿಂಗಳನ್ನು ಅವರು ಮಳೆಗಾಲದ ಹಾಗೆ ವರ್ಣಿಸುತ್ತಿದ್ದರು.

ಪಂದ್ಯವನ್ನು ನಿಮಿಷ ನಿಮಿಷವಾಗಿ ಬರೆಯಲು ನನಗೆ ಮನಸ್ಸಿಲ್ಲ. ಎಲ್ಲರ ಕಣ್ಣು ಪರದೆಯ ಮೇಲೆ, ಹೆಬ್ಬೆರಳು ಫೋನಿನ ಮೇಲೆ. ಹೆರ್ನಿಂಗ್‌ನಿಂದ ಗೋಲಿನ ಸುದ್ದಿ ಬರುತ್ತಲೇ ಇತ್ತು, ಆ ಕಡೆಯೂ ಈ ಕಡೆಯೂ. ಮಿಡ್ಟ್ಯೂಲ್ಯಾಂಡ್ ಒದ್ದಾಡುತ್ತಿದೆ ಅಂತ ಗೊತ್ತಾದಾಗ ಕೋಣೆಯಲ್ಲಿ ಗದ್ದಲ.

"ಅಪ್ಪ, ಅವರು ಡ್ರಾ ಮಾಡಿದ್ರೆ ನಮಗೂ ಡ್ರಾ ಸಾಕಲ್ವಾ?" ಮಗ ಕೇಳಿದ.

"ಸಾಕು ಕಣೋ. 63-63 ಆಗುತ್ತೆ, ಗೋಲ್ ವ್ಯತ್ಯಾಸ ನಮ್ಮದೇ ಜಾಸ್ತಿ."

ಲೆಕ್ಕ ಸರಿಯಾಗಿಯೇ ಇತ್ತು. ಮಿಡ್ಟ್ಯೂಲ್ಯಾಂಡ್ ಗೆಲ್ಲಲಿಲ್ಲ, 3-3. ನಮ್ಮವರು ಡ್ರಾ ಕೂಡ ಮಾಡಲಿಲ್ಲ. ಬ್ರೊಂಡ್ಬಿ 2, ಎಜಿಎಫ್ 3. ತಮಗೆ ಒಂದು ಕಾಸಿನ ಲಾಭವಿಲ್ಲದ ಪಂದ್ಯದಲ್ಲಿ ಎಜಿಎಫ್ ಹೊಡೆದ ಆ ಮೂರನೆಯ ಗೋಲು ಟ್ರೋಫಿಯನ್ನು ಹೆರ್ನಿಂಗ್‌ಗೆ ಕಳಿಸಿತು. ಗೆಲ್ಲದ ತಂಡ ಕುಣಿಯಿತು. 1986ರಿಂದ ತಾನೇ ಲೀಗ್ ಗೆಲ್ಲದೆ ಕುಳಿತಿದ್ದ ಎಜಿಎಫ್‌ಗೆ ಇನ್ನೊಬ್ಬರ ಲೀಗ್ ಕೆಡಿಸುವುದಾದರೂ ಬರುತ್ತದಲ್ಲ ಅಂತ ಹಿಂದಿನ ಸಾಲಿನಿಂದ ಯಾರೋ ಅಂದರು, ಅದಕ್ಕೂ ಯಾರೂ ನಗಲಿಲ್ಲ.

ಬ್ರೊಂಡ್ಬಿಯ ಕೋಚ್ ಯೆಸ್ಪರ್ ಸೋರೆನ್ಸನ್‌ಗೆ ಬೈದವರು ಬಹಳ. ನನಗೆ ಅದು ನ್ಯಾಯ ಅನ್ನಿಸುವುದಿಲ್ಲ. ಆತ 2023ರ ಜನವರಿಯಲ್ಲಿ ಬಂದಾಗ ಇದ್ದ ತಂಡಕ್ಕೂ ಈ ತಂಡಕ್ಕೂ ಹೋಲಿಕೆಯೇ ಇಲ್ಲ. ಯುಯಿತೊ ಸುಜುಕಿ ಮತ್ತು ನಿಕೊಲಾಯ್ ವಾಲಿಸ್ ಒಟ್ಟಿಗೆ ಆಡಿದ ಮಧ್ಯಾಹ್ನಗಳು ಈ ಲೀಗಿನಲ್ಲಿ ನಾನು ನೋಡಿದ ಅತಿ ಚೆಂದದ ಫುಟ್‌ಬಾಲ್. ಆದರೆ ಗೆಲ್ಲಲೇಬೇಕಾದ ಪಂದ್ಯ ಎದುರಿಗೆ ಬಂದಾಗ ಆ ತಂಡ ಎರಡು ಹೆಜ್ಜೆ ಹಿಂದೆ ನಿಂತು ಆಡುತ್ತಿತ್ತು. ಅದೇ ಹೊತ್ತಿಗೆ ಮಿಡ್ಟ್ಯೂಲ್ಯಾಂಡ್‌ನವರು ಇನ್ನೊಂದು ಕಾರ್ನರ್‌ಗೆ ಓಡುತ್ತಿದ್ದರು. ಒಂದು ಅಂಕದ ವ್ಯತ್ಯಾಸ ನನಗೆ ಕಾಣುವುದು ಅಲ್ಲಿ, ಆ ಭಾನುವಾರದ ಅದೃಷ್ಟದಲ್ಲಿ ಅಲ್ಲ.

ಮುಂದಿನ ಋತುವಿನ ಕೊನೆಯ ದಿನವೂ 63-62ಕ್ಕೇ ಮುಗಿಯಿತು. ಈ ಸಲ 63 ಕೋಪನ್‌ಹೇಗನ್‌ದು, 62 ಮಿಡ್ಟ್ಯೂಲ್ಯಾಂಡ್‌ದು. ಸಹೋದ್ಯೋಗಿ ಮತ್ತೆ ಮೇಜು ಹತ್ತಿದ. ಪಟ್ಟಿ ಕತ್ತರಿಸುವ ಈ ಪದ್ಧತಿಯನ್ನು ತೆಗೆದುಹಾಕಬೇಕು ಅಂತ ವಾದಿಸುವವರು ಕಚೇರಿಯಲ್ಲೂ ಇದ್ದಾರೆ, ಕ್ಲಬ್‌ಹೌಸಿನಲ್ಲೂ ಇದ್ದಾರೆ. ಒಂದೇ ತಂಡವನ್ನು ವರ್ಷಕ್ಕೆ ನಾಲ್ಕು ಸಲ ನೋಡಿ ಸಾಕಾಗುತ್ತದೆ ಅನ್ನುವುದು ಅವರ ದೂರು. ನನ್ನ ಓಟು ಇರಲಿ ಅನ್ನುವ ಕಡೆಗೇ. ಕೆಳಗಿನ ಗುಂಪಿನವರಿಗೆ ಮಾತ್ರ ಹತ್ತರ ಬದಲು ಐದೇ ಪಂದ್ಯ ಇಟ್ಟರೆ ಸಾಕಿತ್ತು. ವಸಂತದ ಗಾಳಿಯಲ್ಲಿ ಅರ್ಧ ಖಾಲಿ ಸ್ಟೇಡಿಯಂನಲ್ಲಿ ಏಳನೆಯ ಮತ್ತು ಎಂಟನೆಯ ತಂಡ ನಾಲ್ಕನೆಯ ಸಲ ಆಡುವುದನ್ನು ನೋಡಲು ದುಡ್ಡು ಕೊಡುವವರು, ಆಟಗಾರರ ಅಪ್ಪ-ಅಮ್ಮಂದಿರನ್ನು ಬಿಟ್ಟರೆ, ಇನ್ಯಾರಿದ್ದಾರೆ?